‘ನಮ್ಮೋರು ಸೋತ್ರು’: ಮಹಿಳಾ ತಂಡದ ಚೇತರಿಕೆ ಮತ್ತು ಅಭಿಮಾನಿಯ ಕ್ರಿಯಾಪದ

2024ರ ಮಾರ್ಚ್ 17ರ ರಾತ್ರಿ ದೆಹಲಿಯ ಅರುಣ್ ಜೇಟ್ಲಿ ಕ್ರೀಡಾಂಗಣದಲ್ಲಿ ಮಹಿಳಾ ಪ್ರೀಮಿಯರ್ ಲೀಗಿನ ಫೈನಲ್ ಗೆದ್ದ ಮೇಲೆ ಆರ್‌ಸಿಬಿ ನಾಯಕಿ ಸ್ಮೃತಿ ಮಂಧಾನ ಮೈಕಿನ ಮುಂದೆ ನಿಂತು ಕನ್ನಡದ ಒಂದು ಮಾತನ್ನು ತಿದ್ದಿದರು. ಅಭಿಮಾನಿಗಳು ವರ್ಷವರ್ಷವೂ ಹೇಳುತ್ತ ಬಂದ ‘ಈ ಸಲ ಕಪ್ ನಮ್ದೆ’ ಅವರ ಬಾಯಲ್ಲಿ ‘ಈ ಸಲ ಕಪ್ ನಮ್ದು’ ಆಯಿತು. ಎರಡು ದಿನ ಕಳೆದು, ಮಾರ್ಚ್ 19ರಂದು, ತಂಡದ ಹೆಸರಿನಲ್ಲಿದ್ದ ‘ಬ್ಯಾಂಗಲೋರ್’ ಹೋಗಿ ‘ಬೆಂಗಳೂರು’ ಬಂತು. ಹೆಸರಿನ ತಿದ್ದುಪಡಿಗೆ ಸಮಾರಂಭ ನಡೆಯಿತು. ನಾಯಕಿಯ ತಿದ್ದುಪಡಿ ಸಂಭ್ರಮದ ಮಾತಾಗಿ ಉಳಿಯಿತು. ಅದನ್ನು ವ್ಯಾಕರಣದ ಮಾತಾಗಿಯೂ ನೋಡಬೇಕು ಎಂಬುದು ಈ ಲೇಖನದ ಕೋರಿಕೆ. ಆ ಒಂದು ಸ್ವರದ ಬೆನ್ನು ಹತ್ತಿ ಹೋದರೆ ಕ್ರೀಡಾಭಿಮಾನದ ಅಧ್ಯಯನದಲ್ಲಿ ಸುಮಾರು ಐವತ್ತು ವರ್ಷಗಳಿಂದ ನೆಲೆ ನಿಂತಿರುವ ಒಂದು ತೀರ್ಮಾನವನ್ನು ಮತ್ತೆ ಪರಿಶೀಲಿಸಬೇಕಾಗುತ್ತದೆ.

ಆ ತೀರ್ಮಾನ ಅಮೆರಿಕದ ಕಾಲೇಜು ಆಟದ ಅಂಗಳದಿಂದ ಬಂದದ್ದು. ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಏಳು ವಿಶ್ವವಿದ್ಯಾಲಯಗಳ ತರಗತಿಗಳನ್ನು ಸೋಮವಾರ ಸೋಮವಾರ ಗಮನಿಸಿದ್ದಾರೆ. ವಾರಾಂತ್ಯದಲ್ಲಿ ತಮ್ಮ ಫುಟ್‌ಬಾಲ್ ತಂಡ ಗೆದ್ದಿದ್ದರೆ ವಿಶ್ವವಿದ್ಯಾಲಯದ ಗುರುತಿರುವ ಅಂಗಿ ತೊಟ್ಟು ಬರುವವರು ಹೆಚ್ಚು. ಅದೇ ಪ್ರಬಂಧದ ಮುಂದಿನ ಭಾಗದಲ್ಲಿ ವಿದ್ಯಾರ್ಥಿಗಳಿಗೆ ದೂರವಾಣಿ ಕರೆ ಮಾಡಿ ಪಂದ್ಯದ ಫಲಿತಾಂಶ ಕೇಳಿದರು. ಗೆದ್ದ ಪಂದ್ಯಕ್ಕೆ ‘ನಾವು’ ಎನ್ನುವವರು ಸೋತ ಪಂದ್ಯಕ್ಕಿಂತ ಹೆಚ್ಚು. ಬೇರೆಯವರ ಗೆಲುವಿನ ಬೆಳಕಿನಲ್ಲಿ ಮೈ ಕಾಯಿಸಿಕೊಳ್ಳುವುದು ಅಭಿಮಾನದ ಮೂಲ ಗುಣ ಎಂಬ ಮಾತು ಅಲ್ಲಿಂದ ಹುಟ್ಟಿತು. ಸೋತ ಗುಂಪಿನಿಂದ ಜನ ತಮ್ಮನ್ನು ಕಡಿದುಕೊಳ್ಳುತ್ತಾರೆ ಎಂದು ಸಿ.ಆರ್. ಸ್ನೈಡರ್ ಮತ್ತು ಸಂಗಡಿಗರು 1986ರಲ್ಲಿ ಸೇರಿಸಿದರು. ತಂಡದೊಡನೆ ಗಟ್ಟಿಯಾಗಿ ಬೆಸೆದುಕೊಂಡವರು ಹಾಗೆ ಕಡಿದುಕೊಳ್ಳುವುದಿಲ್ಲ ಎಂದು ಡೇನಿಯಲ್ ವಾನ್ ಮತ್ತು ನೈಲಾ ಬ್ರಾನ್ಸ್‌ಕಂಬ್ 1990ರಲ್ಲಿ ತಿದ್ದಿದರು. ಇಷ್ಟರ ಮಟ್ಟಿಗೆ ಈಗ ಹೆಚ್ಚು ಜಗಳವಿಲ್ಲ. ನನ್ನ ತಕರಾರು ಇರುವುದು ಅಳತೆಗೋಲಿನ ಬಗ್ಗೆ. ‘ನಾವು ಗೆದ್ದೆವು’, ‘ಅವರು ಸೋತರು’ ಎಂಬ ಎರಡೇ ಮನೆಗಳಲ್ಲಿ ಅಭಿಮಾನಿಯ ಮಾತನ್ನು ತುಂಬಬಹುದು ಎಂಬ ನಂಬಿಕೆ ಇಂಗ್ಲಿಷಿಗೆ ಹೊಂದುತ್ತದೆ. ಕನ್ನಡಕ್ಕೆ ಹೊಂದುವುದಿಲ್ಲ.

ಮೊದಲು ಪ್ರಕರಣ. 2023ರ ಮೊದಲ ಆವೃತ್ತಿಯಲ್ಲಿ ಮಂಧಾನರನ್ನು ಆರ್‌ಸಿಬಿ ಹರಾಜಿನ ಅತಿ ಹೆಚ್ಚಿನ ಬೆಲೆಯಾದ 3.40 ಕೋಟಿ ರೂಪಾಯಿಗೆ ಕೊಂಡಿತ್ತು. ತಂಡ ಮೊದಲ ಐದು ಪಂದ್ಯಗಳನ್ನೂ ಸೋತಿತು. ಎಂಟರಲ್ಲಿ ಎರಡು ಗೆಲುವು, ಐದು ತಂಡಗಳಲ್ಲಿ ನಾಲ್ಕನೆಯ ಸ್ಥಾನ. ಈ ಲೀಗಿನಲ್ಲಿ ಮೊದಲ ಸ್ಥಾನದ ತಂಡ ನೇರ ಫೈನಲಿಗೆ ಹೋಗುತ್ತದೆ, ಎರಡು ಮತ್ತು ಮೂರನೆಯ ಸ್ಥಾನದವರು ಎಲಿಮಿನೇಟರ್ ಆಡುತ್ತಾರೆ. ನಾಲ್ಕನೆಯವರಿಗೆ ಏನೂ ಇಲ್ಲ. 2024ರಲ್ಲಿ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಶೋಭನಾ ಆಶಾ 22 ರನ್ನಿಗೆ 5 ವಿಕೆಟ್ ಕಿತ್ತು ಯು.ಪಿ. ವಾರಿಯರ್ಸ್ ವಿರುದ್ಧ 2 ರನ್ನಿನ ಗೆಲುವು ತಂದುಕೊಟ್ಟರು. ಮುಂದಿನ ಪಂದ್ಯವೂ ಗೆಲುವು. ಆಮೇಲೆ ಎರಡು ಸೋಲು, ಒಂದು ಗೆಲುವು, ಮತ್ತೆ ಎರಡು ಸೋಲು. ಈ ಏರಿಳಿತವನ್ನು ಬಿಡಿಸಿ ಹೇಳಲು ಕಾರಣವಿದೆ. ಚೇತರಿಕೆ ಎಂದ ಕೂಡಲೇ ಏರುತ್ತ ಹೋಗುವ ಗೆರೆಯೊಂದು ನಮ್ಮ ಕಣ್ಣ ಮುಂದೆ ಬರುತ್ತದೆ. ಪಟ್ಟಿಯಲ್ಲಿ ಅಂಥ ಗೆರೆ ಇಲ್ಲ. ಮಾರ್ಚ್ 10ರಂದು ಡೆಲ್ಲಿ ಕ್ಯಾಪಿಟಲ್ಸ್ ಎದುರು ಕೊನೆಯ ಎಸೆತದಲ್ಲಿ ರಿಚಾ ಘೋಷ್ ರನ್ ಔಟ್ ಆಗಿ ತಂಡ 1 ರನ್ನಿನಿಂದ ಸೋತಿತು. ಮಾರ್ಚ್ 12ರಂದು ಎಲಿಸ್ ಪೆರಿ 15 ರನ್ನಿಗೆ 6 ವಿಕೆಟ್ ಪಡೆದು ಮುಂಬೈಯನ್ನು 113ಕ್ಕೆ ಕೆಡವಿದರು. ಆಗ ಪ್ಲೇಆಫ್ ಖಚಿತವಾಯಿತು. ನಾಲ್ಕು ಗೆಲುವು, ನಾಲ್ಕು ಸೋಲು, ಮೂರನೆಯ ಸ್ಥಾನ. ಮುಂದಿನದನ್ನು ಓದುಗರು ಬಲ್ಲರು: 15ರ ಎಲಿಮಿನೇಟರಿನಲ್ಲಿ ಮುಂಬೈ ಮೇಲೆ 5 ರನ್ನಿನ ಗೆಲುವು, ಫೈನಲಿನಲ್ಲಿ ವಿಕೆಟ್ ನಷ್ಟವಿಲ್ಲದೆ 64ರಲ್ಲಿದ್ದ ಡೆಲ್ಲಿ, ಸೋಫಿ ಮೊಲಿನೊ ಒಂದೇ ಓವರಿನಲ್ಲಿ ಮೂವರನ್ನು ಕಳಿಸಿದ ಮೇಲೆ 113ಕ್ಕೆ ಮುಗಿದದ್ದು, ಕಲಬುರಗಿ ಮೂಲದ ಶ್ರೇಯಾಂಕಾ ಪಾಟೀಲರ 12ಕ್ಕೆ 4, 8 ವಿಕೆಟ್ ಜಯ.

ಈಗ ವಿವಾದದ ಅಂಶಕ್ಕೆ ಬರುತ್ತೇನೆ. ಮಾರ್ಚ್ 10ರ ರಾತ್ರಿ, ಅಂದರೆ ಪ್ಲೇಆಫ್ ಇನ್ನೂ ಕೈಗೆ ಸಿಗದ ಹೊತ್ತಿನಲ್ಲಿ, ಒಂದು ರನ್ನಿನ ಸೋಲನ್ನು ಕನ್ನಡದ ಅಭಿಮಾನಿ ಯಾವ ವಾಕ್ಯದಲ್ಲಿ ಹೇಳಬಲ್ಲ?

ಸಕಲೇಶಪುರದಿಂದ ಹೆತ್ತೂರು, ವನಗೂರು ದಾಟಿ ಬಿಸಿಲೆಯವರೆಗಿನ ಮಾತು ನನ್ನ ಮನೆಮಾತು. ಆ ಕಿವಿಯನ್ನೇ ಸಾಕ್ಷಿಗೆ ಕರೆಯುತ್ತಿದ್ದೇನೆ. ಮೂರು ರೂಪಗಳು ಸಾಧ್ಯ. ‘ಒಂದು ರನ್ನಲ್ಲಿ ಸೋತ್ವಿ’ ಎನ್ನಬಹುದು. ‘ಒಂದು ರನ್ನಲ್ಲಿ ಸೋತ್ರು’ ಎನ್ನಬಹುದು. ನಾಲಿಗೆಗೆ ಎಲ್ಲಕ್ಕಿಂತ ಸಲೀಸಾಗಿ ಬರುವುದು ಮೂರನೆಯದು: ‘ನಮ್ಮೋರು ಒಂದು ರನ್ನಲ್ಲಿ ಸೋತ್ರಲ್ಲ.’ ಚಾಲ್ಡೀನಿಯವರ ಎಣಿಕೆಯಲ್ಲಿ ಈ ವಾಕ್ಯವನ್ನು ಎಲ್ಲಿ ಬರೆಯುವುದು? ಕ್ರಿಯಾಪದ ಪ್ರಥಮ ಪುರುಷದಲ್ಲಿದೆ. ‘ಅವರು’ ಎಂಬ ಮನೆಗೆ ಹಾಕಬೇಕು. ಕರ್ತೃಪದದಲ್ಲಿ ‘ನಮ್ಮ’ ಕೂತಿದೆ. ‘ನಾವು’ ಎಂಬ ಮನೆಗೆ ಹಾಕಬೇಕು. ಎರಡಕ್ಕೂ ಸೇರದ, ಎರಡರಲ್ಲೂ ಕಾಲಿಟ್ಟಿರುವ ವಾಕ್ಯ ಇದು. ಆಟ ಅವರದು, ಆಡಿದವರು ನಮ್ಮವರು. ಸಾಧನೆಯಲ್ಲಿ ಅಭಿಮಾನಿ ಪಾಲು ಕೇಳುವುದಿಲ್ಲ, ಸಂಬಂಧವನ್ನೂ ಬಿಟ್ಟುಕೊಡುವುದಿಲ್ಲ. ಗೆದ್ದಾಗಲೂ ವಾಕ್ಯದ ಕಟ್ಟು ಬದಲಾಗಬೇಕಿಲ್ಲ: ‘ನಮ್ಮೋರು ಗೆದ್ರು.’

ಈ ಕಟ್ಟು ಆಟಕ್ಕೆಂದು ಹುಟ್ಟಿದ್ದಲ್ಲ. ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ತಾಯಿ ‘ನಮ್ಮ ಹುಡುಗಿ ಪಾಸಾದ್ಲು’ ಎನ್ನುತ್ತಾಳೆ. ಮಗಳ ಜೊತೆ ರಾತ್ರಿಯೆಲ್ಲ ಎದ್ದು ಕೂತಿದ್ದರೂ ‘ಪಾಸಾದ್ವಿ’ ಎನ್ನುವುದಿಲ್ಲ. ಮಗಳು ನಪಾಸಾದರೂ ಆಕೆ ‘ನಮ್ಮ ಹುಡುಗಿ’ಯೇ. ನನ್ನ ಮುಖ್ಯ ವಾದ ಇಲ್ಲಿದೆ: ಕನ್ನಡದ ಕ್ರೀಡಾಭಿಮಾನಕ್ಕೆ, ಅದರಲ್ಲೂ ಸೋಲಿನಿಂದ ಮೇಲೇಳುತ್ತಿರುವ ತಂಡದ ಮೇಲಿನ ಅಭಿಮಾನಕ್ಕೆ, ಬಂಧುತ್ವದ ವ್ಯಾಕರಣವೊಂದು ಸಿದ್ಧವಾಗಿ ಸಿಗುತ್ತದೆ. ಆ ವ್ಯಾಕರಣದಲ್ಲಿ ಸೋತವರನ್ನು ಕಡಿದುಕೊಳ್ಳಲು ಬರೀ ಕ್ರಿಯಾಪದ ಬದಲಿಸಿದರೆ ಸಾಲದು. ‘ನಮ್ಮ’ ಎಂಬುದನ್ನೇ ಕೈಬಿಡಬೇಕು.

ಈ ಮಾತನ್ನು ಎಲ್ಲಿಯವರೆಗೆ ಎಳೆಯಬಹುದು ಎಂಬುದನ್ನು ಹೇಳಲೇಬೇಕು. ‘ಸೋತ್ವಿ’ ಕನ್ನಡದಲ್ಲಿ ಇಲ್ಲವೆಂದು ನಾನು ಹೇಳುತ್ತಿಲ್ಲ. ಬೆಂಗಳೂರಿನ ಎಳೆಯರಲ್ಲಿ ಅದೇ ಹೆಚ್ಚು ಸಹಜವಿದ್ದೀತು. ಇಂಗ್ಲಿಷಿನಲ್ಲೂ ‘ನಮ್ಮ ಹುಡುಗಿಯರು’ ಎಂದು ಹೇಳಲು ಬರುತ್ತದೆ. ಆ ಭಾಷೆ ತಡೆಯುವುದಿಲ್ಲ, ಆದರೆ ಅಲ್ಲಿ ಫಲಿತಾಂಶ ಕೇಳಿದಾಗ ಮೊದಲು ಬಾಯಿಗೆ ಬರುವ ರೂಪ ಅದಲ್ಲ. ಒಂದು ಕಡೆಯ ಒಂದು ಕಿವಿಯ ತೀರ್ಪು ಎಣಿಕೆಗೆ ಸಮನಾಗುವುದೂ ಇಲ್ಲ. ಇನ್ನು, ‘ಸೋತ್ರು’ ಎಂಬುದರ ‘-ರು’ ಬಹುವಚನವೂ ಹೌದು, ಗೌರವವೂ ಹೌದು. ಆ ಗೌರವದೊಳಗೆ ಒಂದಿಷ್ಟು ದೂರ ಅಡಗಿದೆ ಎಂದು ಯಾರಾದರೂ ವಾದಿಸಿದರೆ ತಳ್ಳಿಹಾಕಲು ನನ್ನಲ್ಲಿ ಆಧಾರವಿಲ್ಲ.

ಗಂಭೀರ ಆಕ್ಷೇಪ ಇನ್ನೊಂದಿದೆ. ಗಂಡಸರ ತಂಡಕ್ಕೆ ‘ನಾವು’, ಹೆಂಗಸರ ತಂಡಕ್ಕೆ ‘ಅವರು’: ‘ನಮ್ಮೋರು’ ಎಂಬ ಮಧ್ಯದ ಮನೆ ಮಹಿಳಾ ತಂಡವನ್ನು ಒಳಗೆ ಬಿಟ್ಟುಕೊಂಡಂತೆ ತೋರಿಸಿ ಜಗಲಿಯಲ್ಲಿ ಕೂರಿಸುವ ಉಪಾಯವಲ್ಲವೆ? ಈ ಪ್ರಶ್ನೆ ನನ್ನನ್ನು ಬಹಳ ದಿನ ಕಾಡಿತು. ಉತ್ತರ ಊರ ಮೈದಾನದಲ್ಲಿ ಸಿಕ್ಕಿತು. ನಮ್ಮ ಗುಡ್ಡದ ಊರುಗಳಲ್ಲಿ ವಾಲಿಬಾಲ್, ಕಬಡ್ಡಿ ಟೂರ್ನಮೆಂಟಿಗೆ ಹೋಗಿ ಬಂದ ಗಂಡು ತಂಡದ ಬಗ್ಗೆಯೂ ಮಾತು ಹೀಗೆಯೇ: ‘ನಮ್ಮೂರ ಹುಡುಗ್ರು ಸೆಮಿಫೈನಲಲ್ಲಿ ಸೋತ್ರು.’ ಕಣ್ಣೆದುರು ಬೆಳೆದ, ಹೆಸರು ಹಿಡಿದು ಕರೆಯುವ ಹುಡುಗರಿಗೆ ಸಲ್ಲುವ ವಾಕ್ಯವೇ ಈ ತಂಡಕ್ಕೂ ಸಲ್ಲುತ್ತಿದೆ. ಹಾಗಾದರೆ ಅದು ದೂರ ಇಡುವ ವಾಕ್ಯವಾಗಿರುವುದಕ್ಕಿಂತ ಹತ್ತಿರ ತರುವ ವಾಕ್ಯವಾಗಿರುವ ಸಂಭವವೇ ಹೆಚ್ಚು.

‘ನಮ್ಮೋರು’ ಎಂಬ ಪದಕ್ಕೆ ನಮ್ಮ ಹಳ್ಳಿಗಳಲ್ಲಿ ಇನ್ನೊಂದು ಅರ್ಥವಿದೆ: ನಮ್ಮ ಜಾತಿಯವರು. ಆ ಪದವನ್ನು ಕೇಳಿದಾಗಲೆಲ್ಲ ಯಾರು ಒಳಗೆ, ಯಾರು ಹೊರಗೆ ಎಂಬ ಲೆಕ್ಕ ಮನಸ್ಸಿನಲ್ಲಿ ಏಳುತ್ತದೆ. ಅದೇ ಪದ 2024ರ ಮಾರ್ಚಿನಲ್ಲಿ ಸಾಂಗ್ಲಿಯಲ್ಲಿ ಬೆಳೆದ ಮಂಧಾನ, ಸಿಲಿಗುಡಿಯ ರಿಚಾ, ತಿರುವನಂತಪುರದ ಆಶಾ, ಆಸ್ಟ್ರೇಲಿಯದ ಪೆರಿ ಎಲ್ಲರನ್ನೂ ಒಳಗೆ ತೆಗೆದುಕೊಂಡಿತು. ಇದನ್ನು ದೊಡ್ಡ ಸಾಮಾಜಿಕ ಬದಲಾವಣೆ ಎಂದು ಕರೆಯಲಾರೆ. ಪದವೊಂದು ತನ್ನ ಹಳೆಯ ಬೇಲಿಯನ್ನು ಕೆಲವು ವಾರ ದಾಟಿತು ಎಂಬುದನ್ನು ಗುರುತಿಸದೆ ಇರಲಾರೆ.

ಈಗ ‘ನಮ್ದೆ’ಗೆ ಮರಳಬಹುದು. ಘೋಷಣೆಯಲ್ಲಿ ಕ್ರಿಯಾಪದವೇ ಇಲ್ಲ. ‘ಗೆಲ್ತೀವಿ’ ಎಂದಿಲ್ಲ, ‘ಗೆಲ್ತಾರೆ’ ಎಂದೂ ಇಲ್ಲ. ಕಾಲವೂ ಪುರುಷವೂ ಇಲ್ಲದ ನಾಮವಾಕ್ಯ. ಭಾರವನ್ನೆಲ್ಲ ಹೊತ್ತಿರುವುದು ಕೊನೆಯ ‘ಏ’, ಶಾಲೆಯ ವ್ಯಾಕರಣ ಅವಧಾರಣೆಯ ಅವ್ಯಯ ಎನ್ನುವ ಅಕ್ಷರ. ‘ಅವನೇ ಬಂದ’ ಎಂದಾಗ ಬೇರೆ ಯಾರೋ ಬಂದಿರಬಹುದು ಎಂಬ ಅನುಮಾನ ಎದುರಿಗಿರುತ್ತದೆ. ಆ ಅನುಮಾನವನ್ನು ‘ಏ’ ತಳ್ಳುತ್ತದೆ. ಸ್ವತ್ತಿನ ತಕರಾರು ಇಲ್ಲದ ತೋಟದ ಬಗ್ಗೆ ‘ಇದು ನಮ್ಮದು’ ಎಂದರೆ ಸಾಕು. ಬೇಲಿಯ ಆಚೆಯವನು ಕೈ ಹಾಕಿದಾಗ ‘ಇದು ನಮ್ಮದೇ’ ಎನ್ನುತ್ತೇವೆ. ಗಂಡಸರ ತಂಡ 2009, 2011, 2016ರ ಫೈನಲುಗಳನ್ನು ಸೋತಿತ್ತು. 2024ರ ಆ ರಾತ್ರಿಯವರೆಗೆ ಆರ್‌ಸಿಬಿ ಹೆಸರಿನ ಯಾವ ತಂಡದ ಕೈಯಲ್ಲೂ ಕಪ್ ಇರಲಿಲ್ಲ. ‘ನಮ್ದೆ’ ಆ ಇಲ್ಲದ ದಿನಗಳ ರೂಪ. ಚಾಲ್ಡೀನಿಯವರ ಸಿದ್ಧಾಂತದಲ್ಲಿ ‘ನಮ್ಮ’ ಎಂಬುದು ಗೆಲುವಿನ ಹಿಂದೆ ಬರುತ್ತದೆ. ಇಲ್ಲಿ ಅದು ಗೆಲುವಿಗಿಂತ ಎಷ್ಟೋ ವರ್ಷ ಮೊದಲೇ ಬಂದು ಕೂತಿದೆ. ಕಪ್ ಕೈಗೆ ಬಂದ ಕೂಡಲೇ ನಾಯಕಿ ‘ಏ’ಯನ್ನು ಇಳಿಸಿದರು. ತಕರಾರು ಮುಗಿದಿತ್ತು, ಒತ್ತಿ ಹೇಳುವ ಅಗತ್ಯ ಇರಲಿಲ್ಲ.

ಇದನ್ನು ಅತಿಯಾಗಿ ಓದಿದೆ ಎನ್ನುವವರಿಗೆ ಎರಡು ಅಂಶ ಬಿಟ್ಟುಕೊಡುತ್ತೇನೆ. ಕನ್ನಡ ಮಂಧಾನರ ಮನೆಮಾತಲ್ಲ. ಅವಧಾರಣೆಯನ್ನು ತೂಗಿ ನೋಡಿ ಅವರು ಬಿಟ್ಟರು ಎನ್ನಲು ಬರುವುದಿಲ್ಲ. ಗೆದ್ದ ಮೇಲೂ ‘ನಮ್ದೇ’ ಎಂದು ಇನ್ನಷ್ಟು ಒತ್ತಿ ಕೂಗಲು ಕನ್ನಡದಲ್ಲಿ ಅಡ್ಡಿಯಿಲ್ಲ. ಆದರೂ ಆ ತಿದ್ದುಪಡಿ ಕನ್ನಡಿಗರಿಗೆ ವಿವರಣೆಯಿಲ್ಲದೆ ಅರ್ಥವಾಯಿತು. ಎರಡು ರೂಪಗಳ ನಡುವಿನ ಅಂತರ ಕೇಳುವವರ ಭಾಷೆಯಲ್ಲಿ ಮೊದಲೇ ಇತ್ತು ಎಂಬುದಕ್ಕೆ ಅಷ್ಟು ಸಾಕು.

ಈ ಅಭಿಮಾನ ಗಂಡಸರ ತಂಡದಿಂದ ಬಂದ ಬಳುವಳಿ ಮಾತ್ರ ಎಂಬ ವಾದವನ್ನು ಚುಟುಕಾಗಿ ನೋಡುತ್ತೇನೆ. ಘೋಷಣೆ ಬಳುವಳಿ ನಿಜ. ಆದರೆ 2017ರ ಜುಲೈ 15ರಂದು ಡರ್ಬಿಯಲ್ಲಿ ನಡೆದದ್ದಕ್ಕೆ ಯಾವ ಫ್ರಾಂಚೈಸಿಯ ಹಂಗೂ ಇರಲಿಲ್ಲ. ಸತತ ಎರಡು ಸೋಲಿನ ಬಳಿಕ ಭಾರತ ಮಹಿಳಾ ಕ್ರಿಕೆಟ್ ವಿಶ್ವಕಪ್ಪಿನ ಸೆಮಿಫೈನಲಿಗೆ ಹೋಗಲು ನ್ಯೂಜಿಲೆಂಡನ್ನು ಸೋಲಿಸಲೇಬೇಕಿತ್ತು. ಕಡೂರಿನ ವೇದಾ ಕೃಷ್ಣಮೂರ್ತಿ 45 ಎಸೆತಕ್ಕೆ 70 ಹೊಡೆದರು, ವಿಜಯಪುರದ ರಾಜೇಶ್ವರಿ ಗಾಯಕವಾಡ 15ಕ್ಕೆ 5 ಕಿತ್ತರು. ಕಡೂರು ನಮಗೆ ಪಕ್ಕದ ಜಿಲ್ಲೆ. ‘ನಮ್ಮ ಕಡೆ ಹುಡುಗಿ’ ಎನ್ನಲು ಅಷ್ಟೇ ಸಾಕಿತ್ತು. ಆ ವಿಶ್ವಕಪ್ಪಿನ ಫೈನಲ್ ನಡೆದ ಜುಲೈ 23ರಂದೇ ಬೆಂಗಳೂರಿನಲ್ಲಿ ಮಹಿಳೆಯರ ಏಷ್ಯಾ ಕಪ್ ಬ್ಯಾಸ್ಕೆಟ್‌ಬಾಲ್ ಆರಂಭವಾಯಿತು. ಬಿ ವಿಭಾಗದಲ್ಲಿ ಆಡಿದ ಭಾರತ ಫೈನಲಿನಲ್ಲಿ ಕಜಕಸ್ತಾನವನ್ನು 75–73ರಿಂದ ಸೋಲಿಸಿ ಮೇಲಿನ ವಿಭಾಗಕ್ಕೆ ಏರಿತು. ಗೆಲುವೇ ಅಭಿಮಾನ ಹುಟ್ಟಿಸುವುದಾದರೆ ಲಾರ್ಡ್ಸ್‌ನಲ್ಲಿ ವಿಶ್ವಕಪ್ ಫೈನಲನ್ನು 9 ರನ್ನಿನಿಂದ ಸೋತ ತಂಡಕ್ಕಿಂತ ಮನೆಯಂಗಳದಲ್ಲಿ ಗೆದ್ದ ಈ ತಂಡದ ಹೆಸರು ನಮ್ಮ ಬಾಯಲ್ಲಿ ಇರಬೇಕಿತ್ತು. ನನ್ನ ನೆನಪಿನಲ್ಲಿ ನಮ್ಮ ಕಡೆ ಆ ಗೆಲುವಿನ ಮಾತೇ ಏಳಲಿಲ್ಲ. ‘ನಮ್ಮೋರು’ ಎನ್ನಲು ಗೆಲುವು ಬೇಕಿಲ್ಲ, ಆದರೆ ಕಣ್ಣಿಗೆ ಬೀಳಬೇಕು, ಹೆಸರು ಕೇಳಿರಬೇಕು. ಅಮೆರಿಕದಲ್ಲಿ 2024ರ ಏಪ್ರಿಲ್ 7ರ ಕಾಲೇಜು ಮಹಿಳಾ ಬ್ಯಾಸ್ಕೆಟ್‌ಬಾಲ್ ಫೈನಲನ್ನು 1 ಕೋಟಿ 80 ಲಕ್ಷಕ್ಕೂ ಹೆಚ್ಚು ಜನ ನೋಡಿದರು, ಗಂಡಸರ ಫೈನಲಿಗಿಂತ ಹೆಚ್ಚು. ಅಯೋವಾದ ಕೈಟ್ಲಿನ್ ಕ್ಲಾರ್ಕ್ ಅವರನ್ನು ಜನ ನಾಲ್ಕು ವರ್ಷ ಹೆಸರು ಹಿಡಿದು ನೋಡುತ್ತ ಬಂದಿದ್ದರು. ಆ ಫೈನಲನ್ನು ಅಯೋವಾ ಸೋತಿತು.

ನನ್ನ ವಾದದ ಕಠಿಣ ಪರೀಕ್ಷೆ ಮುಂದಿನ ವರ್ಷವೇ ಬಂತು. 2025ರಲ್ಲಿ ಆರ್‌ಸಿಬಿ ಚಿನ್ನಸ್ವಾಮಿಯಲ್ಲಿ ಆಡಿದ ನಾಲ್ಕು ಪಂದ್ಯಗಳನ್ನೂ ಸೋತಿತು, ಅದರಲ್ಲಿ ಒಂದು ಸೂಪರ್ ಓವರಿನಲ್ಲಿ, ಮತ್ತೆ ನಾಲ್ಕನೆಯ ಸ್ಥಾನಕ್ಕೆ ಇಳಿಯಿತು. ಆ ವಾರಗಳ ಮಾತನ್ನು ವಾಕ್ಯ ವಾಕ್ಯವಾಗಿ ಸಂಗ್ರಹಿಸಿ ಎಣಿಸಿದರೆ ‘ನಮ್ಮೋರು’ ಉಳಿದಿತ್ತೋ, ಬರೀ ‘ಸೋತ್ರು’ ಆಗಿತ್ತೋ ತಿಳಿದೀತು. ಅದೇ ವರ್ಷದ ಜೂನ್ 4ರಂದು ಗಂಡಸರ ತಂಡದ ವಿಜಯೋತ್ಸವದ ನೂಕುನುಗ್ಗಲಿನಲ್ಲಿ ಆ ಕ್ರೀಡಾಂಗಣದ ಬಳಿ 11 ಜನ ಪ್ರಾಣ ಕಳೆದುಕೊಂಡರು. ಅದರ ಬಳಿಕ ಬೆಂಗಳೂರಿನಲ್ಲಿ ನಡೆಯಬೇಕಿದ್ದ ಮಹಿಳಾ ವಿಶ್ವಕಪ್ ಪಂದ್ಯಗಳು ನವಿ ಮುಂಬೈಗೆ ಹೋದವು. ತಂಡವನ್ನು ಕಣ್ಣಾರೆ ಕಾಣುವ ಅವಕಾಶ ತಪ್ಪಿದಾಗ ಬಂಧುತ್ವದ ಮಾತು ಎಷ್ಟು ದಿನ ನಿಂತೀತು ಎಂಬುದಕ್ಕೆ ವ್ಯಾಕರಣದಲ್ಲಿ ಉತ್ತರ ಇಲ್ಲ.

ಉಳಿದ ಇನ್ನೊಂದು ಪ್ರಶ್ನೆ ಘಾಟಿಯ ಕೆಳಗಿದೆ. ಬಿಸಿಲೆಯಿಂದ ಕಾಡಿನ ದಾರಿ ಹಿಡಿದು ಕುಳ್ಕುಂದಕ್ಕೆ ಇಳಿದರೆ ತುಳು ಮಾತು ಶುರುವಾಗುತ್ತದೆ. ಕನ್ನಡದ ‘ನಾವು’ ಒಂದೇ. ತುಳುವಿನಲ್ಲಿ ಎದುರಿನವರನ್ನು ಸೇರಿಸಿಕೊಂಡರೆ ‘ನಮ’, ಬಿಟ್ಟರೆ ‘ಎಂಕುಲು’. ಗೆದ್ದ ರಾತ್ರಿ ಸುಬ್ರಹ್ಮಣ್ಯದ ಅಂಗಡಿಯ ಮುಂದೆ ನಿಂತ ಅಭಿಮಾನಿ ಈ ಎರಡರಲ್ಲಿ ಯಾವುದನ್ನು ಆರಿಸುತ್ತಾನೆ, ಸೋತ ರಾತ್ರಿ ಯಾವುದನ್ನು, ಅಥವಾ ಅಲ್ಲಿಯೂ ಎರಡನ್ನೂ ಬಿಟ್ಟು ‘ನಮ್ಮೋರು’ ಎಂಬುದಕ್ಕೆ ಹತ್ತಿರದ ಮಾತೊಂದನ್ನು ಹಿಡಿಯುತ್ತಾನೋ ಎಂಬುದನ್ನು ತುಳು ಬಲ್ಲ ವಿದ್ವಾಂಸರು ಕೇಳಿ ನೋಡಬೇಕು.