ಎರಡನೇ ಪ್ರೊಸೆಸರ್: ಬೀಗಗಳು ಕಿರಿದಾದ ಕಥೆ

ಮುಂಗಾರಿನ ಮುನ್ಸೂಚನೆಗೆಂದು 1987ರ ಹೊತ್ತಿಗೆ ಭಾರತ ಅಮೆರಿಕದಿಂದ ಕೊಳ್ಳಬಯಸಿದ್ದ ಸೂಪರ್‌ಕಂಪ್ಯೂಟರ್ ಕ್ರೇ ಎಕ್ಸ್-ಎಂಪಿ/24. ಅಮೆರಿಕ ಮಾರಲು ಒಪ್ಪಿದ್ದು ಎಕ್ಸ್-ಎಂಪಿ/14. ಈ ಹೆಸರುಗಳಲ್ಲಿ ಮೊದಲ ಅಂಕಿ ಪ್ರೊಸೆಸರುಗಳ ಸಂಖ್ಯೆಯನ್ನು ಹೇಳುತ್ತದೆ. ಎರಡು ಕೇಳಿದ ದೇಶಕ್ಕೆ ಒಂದು ಸಿಕ್ಕಿತು. ಮಳೆ ಎಂದು ಬಿಡುವು ಕೊಟ್ಟೀತೆಂದು ಕಾದು, ಸಿಕ್ಕ ಬಿಸಿಲಿನಲ್ಲಿ ಅಡಿಕೆಗೆ ಬೋರ್ಡೊ ದ್ರಾವಣ ಹೊಡೆಯುವ ಪುತ್ತೂರು, ಸುಳ್ಯದ ಕೃಷಿಕರಿಗೆ ಈ ವ್ಯವಹಾರದ ಸುದ್ದಿ ತಲುಪಿರಲಾರದು. ಆದರೂ ಅದು ಅವರ ಮಳೆಯ ಲೆಕ್ಕವೇ ಆಗಿತ್ತು.

ಆ ಹೊತ್ತಿಗೆ ಬೆಂಗಳೂರಿನ ವೈಮಾನಿಕ ಪ್ರಯೋಗಾಲಯ ಎನ್‌ಎಎಲ್‌ನಲ್ಲಿ ಇನ್ನೊಂದು ಕೆಲಸ ಶುರುವಾಗಿತ್ತು. ರೊದ್ದಂ ನರಸಿಂಹ ಅವರು ನಿರ್ದೇಶಕರಾಗಿದ್ದ ಕಾಲ. ಕನ್ನಡದಲ್ಲಿ ವಿಜ್ಞಾನ ಬರೆದು ದಾರಿ ಮಾಡಿಕೊಟ್ಟ ಆರ್. ಎಲ್. ನರಸಿಂಹಯ್ಯನವರ ಮಗ ಅವರು. ಯು. ಎನ್. ಸಿನ್ಹಾ ಅವರ ತಂಡ 1986ರಲ್ಲಿ ನಾಲ್ಕು ಇಂಟೆಲ್ 8086 ಪ್ರೊಸೆಸರುಗಳನ್ನು, ದಶಮಾಂಶ ಲೆಕ್ಕಕ್ಕೆ ನೆರವಾಗುವ 8087 ಚಿಪ್‌ಗಳ ಸಹಿತ, ಒಟ್ಟಿಗೆ ದುಡಿಸಿ ‘ಫ್ಲೊಸಾಲ್ವರ್’ ಕಟ್ಟಿತು. ಭಾರತದ ಮೊದಲ ಸಮಾಂತರ ಕಂಪ್ಯೂಟರ್ ಅದು. ಪುಣೆಯ ಸಿ-ಡ್ಯಾಕ್‌ನ ಪರಮ್ 8000 ಬಂದದ್ದು 1991ರಲ್ಲಿ. ಪರಮ್‌ನ ಹೆಸರು ಶಾಲೆಯ ಮಕ್ಕಳಿಗೂ ಗೊತ್ತು. ಫ್ಲೊಸಾಲ್ವರ್ ಹೆಸರು ಬೆಂಗಳೂರಿನಲ್ಲೇ ಹೆಚ್ಚಿನವರಿಗೆ ಗೊತ್ತಿಲ್ಲ. ಇದು ಸರಿಯಲ್ಲ. ಕ್ರೇ ಯಂತ್ರಕ್ಕೆಂದು ಬರೆದಿದ್ದ ಹವಾಮಾನದ ಮಾದರಿಯನ್ನು 1990ರ ದಶಕದಲ್ಲಿ ಇದೇ ಸಾಲಿನ ಯಂತ್ರಗಳ ಮೇಲೆ ಓಡಿಸಿ ತೋರಿಸಿದವರು ಸಿನ್ಹಾ ಅವರ ತಂಡದವರು.

ಒಂದು ಯಂತ್ರಕ್ಕೆ ಇನ್ನೊಂದು ಪ್ರೊಸೆಸರ್ ಕೂಡಿಸಿದರೆ ಕೆಲಸ ಇಮ್ಮಡಿಯಾಗಬೇಕಲ್ಲವೇ? ಆಗುವುದಿಲ್ಲ. ಚಿಪ್ಪನ್ನು ಕೂರಿಸುವುದು ಒಂದು ಮಧ್ಯಾಹ್ನದ ಕೆಲಸ. ಅದಕ್ಕೆ ಕೆಲಸ ಹಂಚಲು ಆಪರೇಟಿಂಗ್ ಸಿಸ್ಟಮ್‌ಗಳು ಕಲಿಯುವುದಕ್ಕೆ ಹತ್ತಿರ ಹತ್ತಿರ ಐವತ್ತು ವರ್ಷ ಹಿಡಿಯಿತು. ಆ ಕಲಿಕೆಯ ಒಂದು ಮುಖ್ಯ ಅಧ್ಯಾಯ ಬರೆಯಲ್ಪಟ್ಟದ್ದು ಕರ್ನಾಟಕದಲ್ಲಿ.

ತೊಡಕು ಎಲ್ಲಿದೆ ಎಂಬುದನ್ನು, ಮೊಳಹಳ್ಳಿ ಶಿವರಾಯರು ಸಹಕಾರ ಚಳವಳಿ ಕಟ್ಟಿದ ಪುತ್ತೂರಿನ ಸೀಮೆಯವರಿಗೆ, ಸಂಘದ ಲೆಡ್ಜರಿನಿಂದ ಹೇಳಬಹುದು. ಸದಸ್ಯರೊಬ್ಬರ ಖಾತೆಯಲ್ಲಿ 5,000 ರೂಪಾಯಿ ಇದೆ. ಇಬ್ಬರು ಗುಮಾಸ್ತರು ಒಂದೇ ಗಳಿಗೆಯಲ್ಲಿ ಆ ಮೊತ್ತವನ್ನು ಓದುತ್ತಾರೆ. ಒಬ್ಬರು 1,000 ಜಮಾ ಮಾಡಿ 6,000 ಎಂದು ಬರೆಯುತ್ತಾರೆ. ಇನ್ನೊಬ್ಬರು 500 ಖರ್ಚು ಹಾಕಿ 4,500 ಎಂದು ಬರೆಯುತ್ತಾರೆ. ಕೊನೆಗೆ ಬರೆದ ಎರಡನೆಯವರದ್ದೇ ಉಳಿಯಿತು. ಸಾವಿರ ರೂಪಾಯಿ ಕಾಣೆಯಾಯಿತು. ಇಬ್ಬರೂ ತಪ್ಪು ಮಾಡಿಲ್ಲ. ಒಂದೇ ಮೆಮೊರಿಯನ್ನು ಹಂಚಿಕೊಂಡ ಎರಡು ಪ್ರೊಸೆಸರುಗಳ ನಡುವೆ ಆಗುವುದು ಇದೇ. ಒಬ್ಬರು ಬರೆಯುವಾಗ ಇನ್ನೊಬ್ಬರು ಮುಟ್ಟದಂತೆ ಪುಸ್ತಕಕ್ಕೆ ಬೀಗ ಹಾಕಬೇಕು. ಬೀಗ ಹಾಕಿದ ಮೇಲೆ ಇನ್ನೊಬ್ಬರು ಕಾಯಬೇಕು. ಕಾಯುವ ಗುಮಾಸ್ತರಿಗೂ ಸಂಬಳ ಕೊಡಬೇಕು.

ಕಾಯುವುದರ ಬೆಲೆಯನ್ನು ಐಬಿಎಂನ ಜೀನ್ ಆಮ್ಡಾಲ್ 1967ರಲ್ಲೇ ಲೆಕ್ಕ ಹಾಕಿ ಇಟ್ಟಿದ್ದರು. ಕೆಲಸದ ಹತ್ತರಲ್ಲೊಂದು ಪಾಲನ್ನು ಒಬ್ಬರೇ ಮಾಡಬೇಕಾಗಿದ್ದರೆ, ಎರಡು ಪ್ರೊಸೆಸರ್ ಇಟ್ಟಾಗ ವೇಗ 2 ಪಟ್ಟು ಆಗದೆ ಸುಮಾರು 1.8 ಪಟ್ಟಿಗೆ ನಿಲ್ಲುತ್ತದೆ. ಸಾವಿರ ಪ್ರೊಸೆಸರ್ ಇಟ್ಟರೂ 10 ಪಟ್ಟನ್ನು ದಾಟುವುದಿಲ್ಲ. ಬೀಗ ಬಿದ್ದಷ್ಟು ಹೊತ್ತೂ ಈ ‘ಒಬ್ಬರೇ ಮಾಡುವ ಪಾಲು’ ಬೆಳೆಯುತ್ತದೆ. ಮುಂದಿನ ಎಲ್ಲ ಬೆಳವಣಿಗೆಯನ್ನೂ ಈ ಪಾಲನ್ನು ಕುಗ್ಗಿಸುವ ಪ್ರಯತ್ನವೆಂದೇ ಓದಬಹುದು.

ಬರೋಸ್ ಕಂಪನಿಯ ಡಿ825 ಯಂತ್ರ 1962ರಲ್ಲೇ ಒಂದಕ್ಕಿಂತ ಹೆಚ್ಚು ಪ್ರೊಸೆಸರುಗಳಿಗೆ ಮೆಮೊರಿಯನ್ನು ಸಮಾನವಾಗಿ ಹಂಚಿತ್ತು. ಬೀಗ ಹಾಕುವ ಶಿಸ್ತನ್ನು ಗಣಿತದಷ್ಟು ಸ್ಪಷ್ಟ ಮಾಡಿದವರು ನೆದರ್ಲೆಂಡ್ಸ್‌ನ ಎಡ್ಸ್‌ಗರ್ ಡೈಕ್‌ಸ್ಟ್ರಾ. ಆ ದಶಕದ ನಡುವಿನಲ್ಲಿ ಅವರು ಕೊಟ್ಟ ಸೆಮಫೋರ್ ಈಗಲೂ ನಮ್ಮ ಎಂಜಿನಿಯರಿಂಗ್ ವಿದ್ಯಾರ್ಥಿಗಳ ಪರೀಕ್ಷೆಯ ಪ್ರಶ್ನೆ.

ಎರಡನೇ ಪ್ರೊಸೆಸರನ್ನು ‘ಸೇರಿಸಿದ’ ಕಥೆ ಎಂದರೆ ಪರ್ಡ್ಯೂ ವಿಶ್ವವಿದ್ಯಾಲಯದ್ದು. ಅಲ್ಲಿ ಜಾರ್ಜ್ ಗೋಬಲ್ ಮತ್ತು ಮೈಕ್ ಮಾರ್ಷ್ 1981ರ ಸುಮಾರಿಗೆ ಎರಡು ವ್ಯಾಕ್ಸ್-11/780 ಯಂತ್ರಗಳನ್ನು ಜೋಡಿಸಿ ಒಂದೇ ಯುನಿಕ್ಸ್ ಓಡಿಸಿದರು. ಅವರು ಆಯ್ದ ದಾರಿ ಸರಳ: ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್ ಓಡುವುದು ಮೊದಲನೆಯ ಪ್ರೊಸೆಸರಿನಲ್ಲಿ ಮಾತ್ರ. ಎರಡನೆಯದು ಬಳಕೆದಾರರ ಪ್ರೋಗ್ರಾಮುಗಳನ್ನು ಓಡಿಸುತ್ತದೆ. ಡಿಸ್ಕ್ ಬೇಕಾದೊಡನೆ ಆ ಕೆಲಸವನ್ನು ಮೊದಲನೆಯದಕ್ಕೆ ಒಪ್ಪಿಸುತ್ತದೆ. ಲೆಕ್ಕವೇ ಹೆಚ್ಚಾಗಿರುವ ಕೆಲಸಗಳಲ್ಲಿ ವೇಗ ಇಮ್ಮಡಿಯ ಹತ್ತಿರ ಬಂತು. ಯಂತ್ರ ತಯಾರಿಸಿದ ಡಿಜಿಟಲ್ ಕಂಪನಿಯೇ ಇಂಥ ಜೋಡಿಯನ್ನು ವ್ಯಾಕ್ಸ್-11/782 ಎಂದು ಮಾರಾಟಕ್ಕೆ ತಂದಿತು. ಒಂದು ಪ್ರೊಸೆಸರ್ ಯಜಮಾನ, ಇನ್ನೊಂದು ಆಳು ಎಂಬ ಈ ಪದ್ಧತಿಯಲ್ಲಿ ಯಜಮಾನನ ಬಳಿ ಸಾಲು ಬೆಳೆಯುವುದು ಮಾತ್ರ ತಪ್ಪಲಿಲ್ಲ. ಒಂದು ಪ್ರೊಸೆಸರಿನ ಸ್ವಂತ ಪುಟ್ಟ ಮೆಮೊರಿಯಾದ ಕ್ಯಾಶ್‌ನಲ್ಲಿ ಬದಲಾದದ್ದು ಇನ್ನೊಂದಕ್ಕೆ ತಿಳಿಯುವುದು ಹೇಗೆ ಎಂಬ ಯಂತ್ರದ ಕಡೆಯ ಪ್ರಶ್ನೆಗೆ ಇಲಿನಾಯ್‌ನಲ್ಲಿ ಪಪಮಾರ್ಕೋಸ್ ಮತ್ತು ಜನಕ್ ಪಟೇಲ್ 1984ರಲ್ಲಿ ಕೊಟ್ಟ ಉತ್ತರವೇ ಇಂದಿನ ಚಿಪ್‌ಗಳ ತಳಹದಿ.

ಎರಡನೇ ಪ್ರೊಸೆಸರಿಗೆ ಇನ್ನೊಂದು ಬಳಕೆಯೂ ಇದೆ. ಅದರ ಉದಾಹರಣೆಯೂ ಕರ್ನಾಟಕದ್ದೇ. ಸರ್ಕಾರದ ದೂರಸಂಪರ್ಕ ಸಂಶೋಧನಾ ಕೇಂದ್ರ ಸಿ-ಡಾಟ್ ರೂಪಿಸಿದ 128 ಲೈನಿನ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜ್ ಮೊದಲು ಚಾಲೂ ಆದದ್ದು 1986ರ ಜುಲೈಯಲ್ಲಿ, ಕಿತ್ತೂರಿನಲ್ಲಿ. ಅದರ ನಿಯಂತ್ರಣ ಭಾಗ ಜೋಡಿಯಾಗಿತ್ತು: ಒಂದು ದುಡಿಯುತ್ತಿದ್ದರೆ ಇನ್ನೊಂದು ಸಜ್ಜಾಗಿ ಕಾಯುತ್ತಿತ್ತು. ಇಲ್ಲಿ ಎರಡನೆಯದರಿಂದ ವೇಗ ಒಂದಿಷ್ಟೂ ಹೆಚ್ಚುವುದಿಲ್ಲ. ದುರಸ್ತಿಯವರು ಬರಲು ದಿನಗಟ್ಟಲೆ ಹಿಡಿಯುವ ಹಳ್ಳಿಯಲ್ಲಿ ಫೋನು ಸಾಯದೆ ಉಳಿಯುವುದು ವೇಗಕ್ಕಿಂತ ಮುಖ್ಯ ಎಂದು ಆ ಎಂಜಿನಿಯರುಗಳು ಅರಿತಿದ್ದರು.

ಪಿಸಿಗಳ ಲೋಕಕ್ಕೆ ಎರಡನೇ ಪ್ರೊಸೆಸರ್ ಬಂದದ್ದು 1989ರಲ್ಲಿ, ಕಾಂಪ್ಯಾಕ್‌ನ ಸಿಸ್ಟಮ್‌ಪ್ರೊ ಸರ್ವರಿನೊಂದಿಗೆ. ಆ ಕಾಲದಲ್ಲಿ ಕಚೇರಿಗಳು ಮೆಚ್ಚಿಕೊಂಡಿದ್ದ ಆಪರೇಟಿಂಗ್ ಸಿಸ್ಟಮ್ ನೆಟ್‌ವೇರ್‌ಗೆ ಆ ಎರಡನೇ ಚಿಪ್ ಇದ್ದದ್ದೂ ಒಂದೇ, ಇಲ್ಲದ್ದೂ ಒಂದೇ. ಕಂಪನಿಗೊಂದು ಬಗೆಯಲ್ಲಿ ಬೋರ್ಡು ಮಾಡುತ್ತಿದ್ದುದರಿಂದ ಆಪರೇಟಿಂಗ್ ಸಿಸ್ಟಮ್ ಬರೆಯುವವರು ಪ್ರತಿ ಬೋರ್ಡಿಗೂ ಬೇರೆ ಕೋಡ್ ಬರೆಯಬೇಕಿತ್ತು. ಇದನ್ನು ಬಿಡಿಸಿದ್ದು 1994ರಲ್ಲಿ ಇಂಟೆಲ್ ಹೊರತಂದ ಬಹುಪ್ರೊಸೆಸರ್ ನಿಯಮಾವಳಿ. ಅದರ ಪ್ರಕಾರ, ಎಷ್ಟು ಪ್ರೊಸೆಸರುಗಳಿವೆ, ಸಾಧನಗಳು ಕಳಿಸುವ ಇಂಟರಪ್ಟ್‌ಗಳು ಹೇಗೆ ಹರಿಯುತ್ತವೆ ಎಂಬ ಪಟ್ಟಿಯನ್ನು ಬಯೋಸ್ ಮೆಮೊರಿಯಲ್ಲಿ ಬರೆದಿಡುತ್ತದೆ. ಯಂತ್ರ ಎದ್ದಾಗ ಒಂದೇ ಪ್ರೊಸೆಸರ್ ಎಚ್ಚರವಾಗಿರುತ್ತದೆ. ಅದರಲ್ಲಿ ಓಡುವ ಕರ್ನಲ್ ಆ ಪಟ್ಟಿ ಓದಿ, ಮೆಮೊರಿಯ ಮೊದಲ ಒಂದು ಎಂಬಿಯೊಳಗೆ ಒಂದು ಪುಟ್ಟ ಕೋಡನ್ನು ಇಟ್ಟು, ಎರಡನೆಯದಕ್ಕೆ ಎಬ್ಬಿಸುವ ಸಂಕೇತ ಕಳಿಸುತ್ತದೆ. ಎರಡನೆಯದು ಕಣ್ಣು ಬಿಡುವುದು ಆ ಕೋಡಿನಲ್ಲಿ. ಇಷ್ಟನ್ನೂ ಮಾಡಬೇಕಾದದ್ದು ಆಪರೇಟಿಂಗ್ ಸಿಸ್ಟಮ್. ಮಾಡದಿದ್ದರೆ ಎರಡನೇ ಪ್ರೊಸೆಸರ್ ಯಂತ್ರ ಆರಿಸುವವರೆಗೂ ಮಲಗಿಯೇ ಇರುತ್ತದೆ.

ಡಾಸ್, ವಿಂಡೋಸ್ 95, ವಿಂಡೋಸ್ 98ರಲ್ಲಿ ಅದು ಮಲಗಿಯೇ ಇತ್ತು. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ ಮಾತ್ರ ಮೊದಲ ದಿನದಿಂದಲೇ ಇದಕ್ಕೆ ಸಜ್ಜಾಗಿತ್ತು. ಅದನ್ನು ರೂಪಿಸಿದ ಡೇವ್ ಕಟ್ಲರ್ ಹಿಂದೆ ಡಿಜಿಟಲ್ ಕಂಪನಿಯಲ್ಲಿ ವ್ಯಾಕ್ಸ್‌ನ ಆಪರೇಟಿಂಗ್ ಸಿಸ್ಟಮ್ ಕಟ್ಟಿದವರು. ಆದರೆ ಎನ್‌ಟಿಯಲ್ಲೂ ಒಂದು ತೊಡಕು ಇತ್ತು. ಒಂದೇ ಪ್ರೊಸೆಸರ್ ಇದ್ದಾಗ ಅದನ್ನು ಹಾಕಿಕೊಂಡರೆ ಬೀಗಗಳಿಲ್ಲದ ಹಗುರ ಕರ್ನಲ್ ಬರುತ್ತಿತ್ತು. ಮುಂದೆ ಅದೇ ವೇಗದ, ಅದೇ ತಳಿಯ ಇನ್ನೊಂದು ಚಿಪ್ ಹುಡುಕಿ ತಂದು ಕೂರಿಸಿದರೂ, ಕರ್ನಲ್ ಮತ್ತು ಅದರ ಕೆಳಗಿನ ಯಂತ್ರಪದರ ಎರಡನ್ನೂ ಬದಲಿಸುವ ತನಕ ಏನೂ ಆಗುತ್ತಿರಲಿಲ್ಲ. ಆಗಿನ ಲಿನಕ್ಸ್‌ನಲ್ಲೂ ಹಾಗೆಯೇ: ಬಹುಪ್ರೊಸೆಸರ್ ಆಯ್ಕೆ ಕೊಟ್ಟು ಕರ್ನಲನ್ನು ಮತ್ತೆ ಕಟ್ಟಿಕೊಳ್ಳಬೇಕಿತ್ತು. 1999ರಲ್ಲಿ ಎಬಿಟ್ ಕಂಪನಿ ಎರಡು ಅಗ್ಗದ ಸೆಲೆರಾನ್ ಕೂರುವ ಬಿಪಿ6 ಬೋರ್ಡ್ ತಂದಾಗ, ಅದನ್ನು ಕೊಂಡ ಹವ್ಯಾಸಿಗಳಲ್ಲಿ ಅನೇಕರು ಲಿನಕ್ಸ್‌ನತ್ತ ಹೊರಳಿದರು.

ಲಿನಕ್ಸ್‌ಗೆ ಈ ಶಕ್ತಿ ಕೊಟ್ಟವರು ಬ್ರಿಟನ್ನಿನ ಆಲನ್ ಕಾಕ್ಸ್. ಕಾಲ್ಡೆರಾ ಕಂಪನಿ ದಾನ ಕೊಟ್ಟ ಜೋಡಿ ಪೆಂಟಿಯಂ ಬೋರ್ಡಿನ ಮೇಲೆ ಅವರು ಕೆಲಸ ಮಾಡಿದರು. ಅದರ ಫಲ 1996ರ ಲಿನಕ್ಸ್ 2.0ರಲ್ಲಿ ಹೊರಬಂತು. ಅವರ ಉಪಾಯ ಒಂದೇ ದೊಡ್ಡ ಬೀಗ. ಯಾವುದೇ ಪ್ರೊಸೆಸರ್ ಕರ್ನಲಿನೊಳಗೆ ಕಾಲಿಟ್ಟರೆ ಇಡೀ ಕರ್ನಲಿಗೆ ಬೀಗ, ಇನ್ನೊಂದು ಹೊರಗೆ. ಎಂದರೆ ಇಡೀ ಸಂಘಕ್ಕೆ ಒಂದೇ ಲೆಡ್ಜರು. ಇದನ್ನು ದಡ್ಡತನ ಎನ್ನುವವರಿದ್ದಾರೆ, ನಾನು ಒಪ್ಪುವುದಿಲ್ಲ. ಒಂದೇ ಪ್ರೊಸೆಸರ್ ಎಂದು ನಂಬಿ ಬರೆದ ಲಕ್ಷಾಂತರ ಸಾಲು ಕೋಡನ್ನು ಒಡೆಯದೆ ಮುಂದೆ ಹೋಗಲು ಬೇರೆ ದಾರಿ ಇರಲಿಲ್ಲ. ಆಮೇಲೆ ಹದಿನೈದು ವರ್ಷ ಆ ಬೀಗವನ್ನು ಒಡೆದು ಖಾತೆಗೊಂದು, ಪುಟಕ್ಕೊಂದು ಸಣ್ಣ ಬೀಗ ಮಾಡುವ ಕೆಲಸ ನಡೆಯಿತು. ಕೊನೆಯ ತುಣುಕು ಕಿತ್ತುಹೋದದ್ದು 2011ರಲ್ಲಿ, 2.6.39ನೇ ಆವೃತ್ತಿಯಲ್ಲಿ.

ಈ ನಡುವೆ ಬೆಂಗಳೂರು ಬರುತ್ತದೆ. ಅಮೆರಿಕದ ಸೀಕ್ವೆಂಟ್ ಕಂಪನಿಯಲ್ಲಿ ಪಾಲ್ ಮೆಕೆನ್ನಿ ಮತ್ತು ಜಾನ್ ಸ್ಲಿಂಗ್‌ವೈನ್ ಒಂದು ಹೊಸ ವಿಧಾನ ಕಂಡಿದ್ದರು, ಹೆಸರು ಆರ್‌ಸಿಯು. ಓದುವವರಿಗೆ ಬೀಗವೇ ಬೇಡ ಎಂಬುದು ಅದರ ತಿರುಳು. ತಿದ್ದಬೇಕಾದವರು ಹಳೆಯ ಪುಟವನ್ನು ಮುಟ್ಟುವುದಿಲ್ಲ. ಪಕ್ಕದಲ್ಲಿ ಹೊಸ ಪುಟ ಬರೆದು, ಒಂದೇ ಏಟಿಗೆ ಪುಸ್ತಕದಲ್ಲಿ ಅದನ್ನು ಹಳೆಯದರ ಜಾಗಕ್ಕೆ ತರುತ್ತಾರೆ. ಹಳೆಯದನ್ನು ಓದುತ್ತಿದ್ದವರು ಓದಿ ಮುಗಿಸಲಿ ಎಂದು ಕಾದು, ಕೊನೆಯ ಓದುಗನೂ ಎದ್ದುಹೋದ ಮೇಲೆ ಅದನ್ನು ಹರಿಯುತ್ತಾರೆ. ಸೀಕ್ವೆಂಟನ್ನು ಐಬಿಎಂ 1999ರಲ್ಲಿ ಕೊಂಡಿತು. ಆರ್‌ಸಿಯುವನ್ನು ಲಿನಕ್ಸ್‌ಗೆ ಹೊಂದಿಸಿ, ಕರ್ನಲ್ ಬಳಗದ ಆಕ್ಷೇಪಗಳಿಗೆ ಉತ್ತರಿಸಿ, 2002ರ ಅಕ್ಟೋಬರಿನಲ್ಲಿ ಅದನ್ನು ಒಳಗೆ ಸೇರಿಸಿದ್ದರಲ್ಲಿ ದೊಡ್ಡ ಪಾತ್ರ ಬೆಂಗಳೂರಿನ ಐಬಿಎಂ ಲಿನಕ್ಸ್ ಕೇಂದ್ರದ ದೀಪಂಕರ್ ಶರ್ಮ ಅವರದು. ಅದೇ ತಂಡದ ಮನೀಶ್ ಸೋನಿ ಕಡತಗಳ ಹೆಸರು ಹುಡುಕುವ ಭಾಗಕ್ಕೆ ಅದನ್ನು ಅಳವಡಿಸಿದರು. ಕಡತವೊಂದನ್ನು ತೆರೆದಾಗಲೆಲ್ಲ ಕರ್ನಲ್ ಹಾದುಹೋಗುವ ದಾರಿ ಅದು. ಇಂದು ಆರ್‌ಸಿಯು ಕರ್ನಲಿನ ಸಾವಿರಾರು ಕಡೆ ಇದೆ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಓಡುತ್ತಿರುವ ಯಂತ್ರಕ್ಕೆ, ನಿಲ್ಲಿಸದೆಯೇ, ಪ್ರೊಸೆಸರ್ ಸೇರಿಸಬಹುದೇ? ತೆಗೆಯಬಹುದೇ? ಸೇರಿಸುವುದಕ್ಕಿಂತ ತೆಗೆಯುವುದು ಕಷ್ಟ. ಹೊರಡುವ ಪ್ರೊಸೆಸರಿನ ಮೇಲಿದ್ದ ಕೆಲಸಗಳನ್ನು ಬೇರೆಯವಕ್ಕೆ ದಾಟಿಸಬೇಕು, ಇಂಟರಪ್ಟ್‌ಗಳನ್ನು ತಿರುಗಿಸಬೇಕು, ಟೈಮರುಗಳನ್ನು ಸಾಗಿಸಬೇಕು. ಅಷ್ಟರಲ್ಲಿ ಯಾರೂ ಅದರ ಹೆಸರು ಹಿಡಿದು ಹೊಸ ಕೆಲಸ ಕೊಡಕೂಡದು. ಆಸ್ಟ್ರೇಲಿಯದ ರಸ್ಟಿ ರಸೆಲ್ ಹಾಕಿದ ಬುನಾದಿಯ ಮೇಲೆ ಇದನ್ನು ಗಟ್ಟಿ ಮಾಡಿದವರಲ್ಲಿ ಬೆಂಗಳೂರಿನ ಐಬಿಎಂನಲ್ಲಿದ್ದ ಶ್ರೀವತ್ಸ ವಡ್ಡಗಿರಿ ಒಬ್ಬರು. 2004ರಲ್ಲಿ ಒಟ್ಟಾವಾದ ಲಿನಕ್ಸ್ ಸಮಾವೇಶದಲ್ಲಿ ಮಂಡನೆಯಾದ ಪ್ರಬಂಧದ ಲೇಖಕರ ಸಾಲಿನಲ್ಲಿ ಅವರ ಹೆಸರಿದೆ. ಆಗ ಇದು ಕೋಟಿ ಬೆಲೆಯ ಸರ್ವರುಗಳಿಗಷ್ಟೇ ಬೇಕಾದದ್ದೆಂದು ತೋರುತ್ತಿತ್ತು. ಆದರೆ ಲಿನಕ್ಸ್ ಲ್ಯಾಪ್‌ಟಾಪ್ ನಿದ್ದೆಗೆ ಜಾರುವಾಗ ಕರ್ನಲ್ ಮೊದಲನೆಯದನ್ನು ಬಿಟ್ಟು ಉಳಿದೆಲ್ಲ ಪ್ರೊಸೆಸರುಗಳನ್ನು ತೆಗೆಯುತ್ತದೆ, ಎದ್ದಾಗ ಒಂದೊಂದಾಗಿ ಸೇರಿಸುತ್ತದೆ. ಮುಚ್ಚಳ ಮುಚ್ಚಿ ತೆರೆದಾಗಲೆಲ್ಲ ಓಡುವುದು ಅದೇ ಕೋಡು.

ಬೆಂಗಳೂರಿಗೆ 2003ರಲ್ಲಿ ಬಂದ ಸಿ-ಡ್ಯಾಕ್‌ನ ಪರಮ್ ಪದ್ಮದಲ್ಲಿ 248 ಪ್ರೊಸೆಸರುಗಳಿದ್ದವು: ನಾಲ್ಕು ನಾಲ್ಕು ಕೂಡಿದ 54 ಯಂತ್ರಗಳು, 32 ಕೂಡಿದ ಒಂದು. ಒಂದೊಂದು ಯಂತ್ರದೊಳಗೆ ಮೆಮೊರಿ ಹಂಚಿಕೆ, ಯಂತ್ರ ಯಂತ್ರದ ನಡುವೆ ಸಂದೇಶ. ಇಲ್ಲಿ ಹೇಳಿದ ಬೀಗಗಳ ಕಥೆ ನಡೆಯುವುದು ಒಂದೊಂದು ಯಂತ್ರದ ಒಳಗೆ.

ಆಮೇಲಿನದು ಎಲ್ಲರಿಗೂ ಗೊತ್ತಿರುವಂಥದ್ದು. ಚಿಪ್‌ಗಳ ವೇಗ ಹೆಚ್ಚಿಸಿದರೆ ಬಿಸಿ ತಾಳದಾಗಿ, 2005ರ ಮೇ ತಿಂಗಳಲ್ಲಿ ಇಂಟೆಲ್ ಮತ್ತು ಎಎಂಡಿ ಎರಡೂ ಒಂದೇ ಚಿಪ್ಪಿನೊಳಗೆ ಎರಡು ಕೋರ್ ಇಟ್ಟು ಮನೆ ಬಳಕೆಯ ಯಂತ್ರಗಳಿಗೆ ಮಾರತೊಡಗಿದವು. ಎರಡನೇ ಪ್ರೊಸೆಸರ್ ಸೇರಿಸುವವರೇ ಇಲ್ಲವಾದರು. ಅದು ಕೊಳ್ಳುವಾಗಲೇ ಒಳಗಿರುತ್ತದೆ. ಕಿಸೆಯ ಫೋನಿನಲ್ಲೀಗ ಎಂಟು ಕೋರ್, ಅದೂ ಸಮಾನವಲ್ಲ: ಕೆಲವು ಚುರುಕು, ಕೆಲವು ಮಿತವ್ಯಯಿ. ಯಾವ ಕೆಲಸವನ್ನು ಎಲ್ಲಿ ಓಡಿಸಿದರೆ ಬ್ಯಾಟರಿ ಉಳಿದೀತು ಎಂದು ಅಂದಾಜಿಸುವುದನ್ನು ಲಿನಕ್ಸ್ ಕಲಿತದ್ದು 2019ರ 5.0 ಆವೃತ್ತಿಯಲ್ಲಿ.

ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರು ಎಂಜಿನಿಯರಿಂಗ್ ಕಾಲೇಜು ತೆರೆದದ್ದು 1986ರಲ್ಲಿ, ಫ್ಲೊಸಾಲ್ವರ್ ಹುಟ್ಟಿದ ವರ್ಷವೇ. ಪುತ್ತೂರಿನ ವಿವೇಕಾನಂದ ಎಂಜಿನಿಯರಿಂಗ್ ಕಾಲೇಜು 2001ರದ್ದು. ಇಂಥ ತರಗತಿಗಳಿಂದ ಎಷ್ಟೋ ಮಕ್ಕಳು ಬೆಂಗಳೂರಿಗೆ ಹೋಗುತ್ತಾರೆ. ಸೆಮಫೋರಿನ ಪ್ರಶ್ನೆಗೆ ಹತ್ತು ಅಂಕದ ಉತ್ತರ ಬರೆಯುವ ವಿದ್ಯಾರ್ಥಿಗೆ, ಆ ಬೀಗಗಳ ಕಥೆಯ ಒಂದು ಕೊಂಡಿ ತನ್ನ ರಾಜ್ಯದಲ್ಲೇ ತಯಾರಾಯಿತು ಎಂದು ಯಾರಾದರೂ ಹೇಳಬೇಕು. ಹೇಳುವುದಕ್ಕಿಂತ ಲ್ಯಾಬಿನಲ್ಲಿ ತೋರಿಸುವುದು ಇನ್ನೂ ಒಳ್ಳೆಯದು. ಅದಕ್ಕೆ ಹೊಸ ಯಂತ್ರವೇನೂ ಬೇಡ. ಲಿನಕ್ಸ್ ಇರುವ ಯಾವುದೇ ಸಾಮಾನ್ಯ ಕಂಪ್ಯೂಟರಿನಲ್ಲಿ, ನಿರ್ವಾಹಕರ ಅಧಿಕಾರದಿಂದ, ‘ಸಿಸ್’ ಕಡತವ್ಯವಸ್ಥೆಯೊಳಗೆ ಸಿಪಿಯು1ರ ಕೆಳಗಿರುವ ‘ಆನ್‌ಲೈನ್’ ಎಂಬ ಕಡತಕ್ಕೆ ಸೊನ್ನೆ ಬರೆಯಿರಿ. ಆ ಪ್ರೊಸೆಸರ್ ಪಟ್ಟಿಯಿಂದ ಮರೆಯಾಗುತ್ತದೆ. ಅದಕ್ಕೆ ಬರುತ್ತಿದ್ದ ಇಂಟರಪ್ಟ್‌ಗಳ ಎಣಿಕೆ ಬೇರೆ ಕೋರ್‌ಗಳ ಅಂಕಣದಲ್ಲಿ ಏರತೊಡಗುತ್ತದೆ. ಓಡುತ್ತಿದ್ದ ಯಾವ ಪ್ರೋಗ್ರಾಮೂ ನಿಲ್ಲುವುದಿಲ್ಲ. ಮತ್ತೆ ಅದೇ ಕಡತಕ್ಕೆ 1 ಬರೆದು, ಕರ್ನಲಿನ ಸಂದೇಶಗಳನ್ನು ಮಕ್ಕಳಿಂದಲೇ ಓದಿಸಿ: ಪ್ರೊಸೆಸರ್ ಎಬ್ಬಿಸಿದ ಸಾಲು ಅಲ್ಲಿ ಬಂದಿರುತ್ತದೆ.