ಹೆಸರು ಬಿಟ್ಟುಹೋದ ಹೆಣ್ಣುಮಕ್ಕಳು: ವಿಶ್ವವಿದ್ಯಾಲಯದ ದೂರು ಸಮಿತಿಯ ಚರಿತ್ರೆ

ನಾನು ಪಾಠ ಮಾಡುವ ಕಾಲೇಜಿನ ಕಾರಿಡಾರಿನಲ್ಲಿ ಒಂದು ಬೋರ್ಡಿದೆ. ಮೇಲೆ ದೊಡ್ಡದಾಗಿ 'ಆಂತರಿಕ ದೂರು ಸಮಿತಿ' ಎಂದು ಬರೆದು ಕೆಳಗೆ ಹೆಸರುಗಳನ್ನೂ ಫೋನ್ ನಂಬರುಗಳನ್ನೂ ಹಾಕಿದ್ದಾರೆ. ಕೆಲವು ತಿಂಗಳ ಹಿಂದೆ ಹಾಸ್ಟೆಲಿನ ಹುಡುಗಿಯೊಬ್ಬಳು ಅದನ್ನು ಓದುತ್ತ ನಿಂತಿದ್ದಳು. ನನ್ನನ್ನು ಕಂಡು ಮೆಲ್ಲಗೆ ಕೇಳಿದಳು: 'ಮೇಡಂ, ಇದ್ರಲ್ಲಿ ನಮ್ಮೋರು ಯಾರಾದ್ರೂ ಇದಾರಾ?' ನಾನು ಹೆಸರುಗಳನ್ನು ಇನ್ನೊಂದು ಸಲ ಓದಿದೆ. ಇರಲಿಲ್ಲ. 'ಯಾಕಮ್ಮ, ಏನಾಯ್ತು?' ಅಂದೆ. 'ಏನಿಲ್ಲ ಮೇಡಂ, ಸುಮ್ನೆ ಕೇಳ್ದೆ' ಅಂತ ಹೇಳಿ ಹೋಗಿಬಿಟ್ಟಳು.

ಆ 'ಸುಮ್ನೆ'ಯ ಹಿಂದೆ ಏನಿತ್ತೋ ನನಗೆ ಇವತ್ತಿಗೂ ಗೊತ್ತಿಲ್ಲ. ಸ್ಟಾಫ್ ರೂಮಿನಲ್ಲಿ ಈ ಮಾತು ಎತ್ತಿದಾಗ ಹಿರಿಯರೊಬ್ಬರು, 'ಹೆಣ್ಣಿನ ಮಾನದ ವಿಷಯಕ್ಕೂ ಜಾತಿ ತರ್ತೀರಲ್ರೀ' ಎಂದು ಬೇಸರಪಟ್ಟುಕೊಂಡರು. ಅವರ ಬೇಸರ ಪ್ರಾಮಾಣಿಕವಾಗಿಯೇ ಇತ್ತು. ಆದರೆ ಆ ಬೋರ್ಡು ನಮ್ಮ ಗೋಡೆಗೆ ಬಂದ ದಾರಿಯನ್ನು ಹಿಂದಕ್ಕೆ ನಡೆದು ನೋಡಿದರೆ, ಜಾತಿಯನ್ನು ನಾವು ಹೊಸದಾಗಿ ತರುತ್ತಿಲ್ಲ, ಮೊದಲಿನಿಂದಲೂ ಅಲ್ಲೇ ಇದ್ದದ್ದನ್ನು ಯಾರೋ ಹಂತಹಂತವಾಗಿ ಅಳಿಸುತ್ತ ಬಂದಿದ್ದಾರೆ ಎಂಬುದು ಗೊತ್ತಾಗುತ್ತದೆ. ದಲಿತ ವಿಮರ್ಶೆ ಕತೆ, ಕವಿತೆಗಳನ್ನು ಓದುವಷ್ಟೇ ಎಚ್ಚರದಿಂದ ತೀರ್ಪು, ಸುತ್ತೋಲೆ, ನಿಯಮಾವಳಿಗಳನ್ನೂ ಓದಬೇಕು ಎಂದು ನಂಬಿರುವವಳು ನಾನು. ಈ ಟಿಪ್ಪಣಿ ಅಂಥ ಒಂದು ಓದು.

ಈ ಚರಿತ್ರೆ ಯಾವ ವಿಶ್ವವಿದ್ಯಾಲಯದಲ್ಲೂ ಶುರುವಾಗಲಿಲ್ಲ. ಅದು ಶುರುವಾದದ್ದು ಮಹಾರಾಷ್ಟ್ರದ ದೇಸಾಯಿಗಂಜ್ ಎಂಬ ಊರಿನ ಪೊಲೀಸ್ ಠಾಣೆಯಲ್ಲಿ, 1972ರ ಮಾರ್ಚ್ 26ರ ರಾತ್ರಿ. ಮಥುರಾ ಎಂಬ ಆದಿವಾಸಿ ಹುಡುಗಿ, ಕೂಲಿ ಮಾಡಿ ಬದುಕುತ್ತಿದ್ದವಳು, ಠಾಣೆಯೊಳಗೆ ಪೊಲೀಸರಿಂದಲೇ ಅತ್ಯಾಚಾರಕ್ಕೆ ಒಳಗಾದಳು. ಸೆಷನ್ಸ್ ಕೋರ್ಟು ಆರೋಪಿಗಳನ್ನು ಬಿಟ್ಟಿತು. ಹೈಕೋರ್ಟು ಶಿಕ್ಷೆ ಕೊಟ್ಟಿತು. 1978ರಲ್ಲಿ ಸುಪ್ರೀಂ ಕೋರ್ಟು ಮತ್ತೆ ಬಿಟ್ಟಿತು. ಅವಳ ಮೈಮೇಲೆ ಗಾಯದ ಗುರುತಿಲ್ಲ, ಅವಳು ಪ್ರತಿಭಟಿಸಿದ್ದಕ್ಕೆ ಸಾಕ್ಷಿಯಿಲ್ಲ ಎಂಬುದು ಅದರ ತರ್ಕ. ಖಾಕಿಯ ಎದುರು ನಿಂತ ಕೂಲಿ ಹುಡುಗಿಗೆ ಕೂಗಲು ಎಷ್ಟು ಶಕ್ತಿ ಉಳಿದಿರುತ್ತದೆ ಎಂಬ ಪ್ರಶ್ನೆ ನ್ಯಾಯಪೀಠಕ್ಕೆ ಹೊಳೆಯಲಿಲ್ಲ.

ಆ ಪ್ರಶ್ನೆ ಕೇಳಿದವರು ಅಧ್ಯಾಪಕರು. 1979ರ ಸೆಪ್ಟೆಂಬರಿನಲ್ಲಿ ಉಪೇಂದ್ರ ಬಕ್ಷಿ, ಲೋತಿಕಾ ಸರ್ಕಾರ್, ರಘುನಾಥ ಕೇಳ್ಕರ್, ವಸುಧಾ ಧಗಂವಾರ್ ಎಂಬ ನಾಲ್ವರು ಕಾನೂನು ಮೇಷ್ಟರುಗಳು ಮುಖ್ಯ ನ್ಯಾಯಮೂರ್ತಿಗೆ ಬಹಿರಂಗ ಪತ್ರ ಬರೆದರು. ಸುಮ್ಮನಿರುವುದು ಬೇರೆ, ಒಪ್ಪುವುದು ಬೇರೆ ಎಂಬುದು ಅವರ ವಾದದ ತಿರುಳು. ಪತ್ರ ಹೊತ್ತಿಸಿದ ಕಿಚ್ಚು 1980ರ ಹೊತ್ತಿಗೆ ಬೀದಿಗೆ ಬಂತು. 1983ರಲ್ಲಿ ಕಾನೂನು ತಿದ್ದುಪಡಿಯಾಯಿತು. ವಿಶ್ವವಿದ್ಯಾಲಯ ತನ್ನ ಗೋಡೆಯ ಆಚೆಗಿನ ಒಬ್ಬ ಹುಡುಗಿಗಾಗಿ ಬಾಯಿ ಬಿಟ್ಟ ಅಪರೂಪದ ಗಳಿಗೆ ಅದು. ಅದನ್ನು ನಾವು ಗೌರವದಿಂದಲೇ ನೆನೆಯಬೇಕು. ಆದರೆ ಅದೇ ವಿಶ್ವವಿದ್ಯಾಲಯ ತನ್ನ ಗೋಡೆಯ ಒಳಗೆ, ಗೈಡ್‌ಗಳ ಕೊಠಡಿಯಲ್ಲಿ, ಹಾಸ್ಟೆಲಿನ ದಾರಿಯಲ್ಲಿ ಏನಾಗುತ್ತಿದೆ ಎಂದು ನೋಡಿಕೊಳ್ಳಲು ಒಂದು ವ್ಯವಸ್ಥೆ ಮಾಡಿಕೊಳ್ಳುವುದಕ್ಕೆ ಇನ್ನೂ ಎರಡು ದಶಕ ಬೇಕಾಯಿತು.

ಅದಕ್ಕೂ ಒಬ್ಬ ಹಳ್ಳಿ ಹೆಂಗಸು ಬೆಲೆ ತೆರಬೇಕಾಯಿತು. ರಾಜಸ್ಥಾನದ ಭಟೇರಿಯ ಭಂವರಿ ದೇವಿ ಕುಂಬಾರ ಜಾತಿಯವರು. ಅವರನ್ನು ದಲಿತರೆಂದು ಬರೆಯುವ ರೂಢಿ ಕೆಲವು ಕಡೆ ಇದೆ, ಅದು ಸರಿಯಲ್ಲ. ರಾಜ್ಯ ಸರ್ಕಾರದ ಮಹಿಳಾ ಅಭಿವೃದ್ಧಿ ಕಾರ್ಯಕ್ರಮದಲ್ಲಿ ಅವರು 'ಸಾಥಿನ್', ಅಂದರೆ ಊರಿನ ಹೆಂಗಸರ ಜೊತೆಗಾರ್ತಿ. ಸರ್ಕಾರ ಒಪ್ಪಿಸಿದ ಕೆಲಸವೆಂದೇ ಅವರು 1992ರಲ್ಲಿ ಗುಜ್ಜರ್ ಕುಟುಂಬವೊಂದರ ಬಾಲ್ಯವಿವಾಹವನ್ನು ತಡೆಯಲು ಹೋದರು. ಅದೇ ಸೆಪ್ಟೆಂಬರ್ 22ರಂದು, ಹೊಲದಲ್ಲಿ ಗಂಡನ ಜೊತೆ ಕೆಲಸ ಮಾಡುತ್ತಿದ್ದಾಗ ಅವರ ಮೇಲೆ ಸಾಮೂಹಿಕ ಅತ್ಯಾಚಾರವಾಯಿತು. 1995ರ ನವೆಂಬರಿನಲ್ಲಿ ಜೈಪುರದ ಸೆಷನ್ಸ್ ಕೋರ್ಟು ಅತ್ಯಾಚಾರದ ಆರೋಪದಿಂದ ಎಲ್ಲರನ್ನೂ ಖುಲಾಸೆ ಮಾಡಿತು. ಮೇಲುಜಾತಿಯವರು ಕೆಳಜಾತಿಯ ಹೆಂಗಸನ್ನು ಹಾಗೆ ಮುಟ್ಟುವುದು ನಂಬಲಾಗದ ಮಾತು ಎಂಬುದೂ ಅದರ ಕಾರಣಗಳಲ್ಲಿ ಒಂದು. ಹಗಲು ಮುಟ್ಟದ ಕೈ ಇರುಳಿನಲ್ಲಿ ಎಲ್ಲಿಯವರೆಗೆ ಚಾಚುತ್ತದೆ ಎಂಬುದು ನಮ್ಮ ಕೇರಿಯ ಯಾವ ಅಜ್ಜಿಯನ್ನು ಕೇಳಿದರೂ ಗೊತ್ತಾಗುತ್ತಿತ್ತು. ಆ ಕೋರ್ಟಿಗೆ ಮಾತ್ರ ಅಸ್ಪೃಶ್ಯತೆಯ ಆಚರಣೆಯೇ ನಿರಪರಾಧಿತನದ ಪುರಾವೆಯಾಗಿ ಕಂಡಿತು.

ಮಹಿಳಾ ಸಂಘಟನೆಗಳು ಸುಪ್ರೀಂ ಕೋರ್ಟಿಗೆ ಹೋದವು. 1997ರ ಆಗಸ್ಟ್ 13ರಂದು 'ವಿಶಾಖಾ' ತೀರ್ಪು ಬಂತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳವಾದರೆ ವಿಚಾರಿಸಲು ಪ್ರತಿ ಸಂಸ್ಥೆಯಲ್ಲೂ ಮಹಿಳೆಯ ಅಧ್ಯಕ್ಷತೆಯ ಸಮಿತಿ ಇರಬೇಕು, ಸದಸ್ಯರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟು ಹೆಂಗಸರಿರಬೇಕು, ಹೊರಗಿನ ಸಂಸ್ಥೆಯವರೂ ಇರಬೇಕು ಎಂದು ಅದು ವಿಧಿಸಿತು. ನಮ್ಮ ಕಾರಿಡಾರಿನ ಬೋರ್ಡಿನ ಮೂಲ ಇದೇ. ದೊಡ್ಡ ತೀರ್ಪು, ಅನುಮಾನವಿಲ್ಲ. ಆದರೆ ಅದನ್ನು ಓದುವಾಗ ಒಂದು ಸಂಗತಿ ಗಮನಿಸಬೇಕು. ಅದರಲ್ಲಿ ಭಂವರಿಯ ಹೆಸರಿಲ್ಲ. ರಾಜಸ್ಥಾನದ ಒಂದು ಹಳ್ಳಿಯ ಸಮಾಜ ಕಾರ್ಯಕರ್ತೆ ಎಂದಷ್ಟೇ ಇದೆ. ಆ ಘಟನೆಗೆ ಪ್ರತ್ಯೇಕ ಕ್ರಿಮಿನಲ್ ಮೊಕದ್ದಮೆ ಇರುವುದರಿಂದ ಇಲ್ಲಿ ಅದರ ಪ್ರಸ್ತಾಪ ಹೆಚ್ಚು ಬೇಡ ಎಂದು ಪೀಠ ಮುಂದಕ್ಕೆ ಹೋಗುತ್ತದೆ. ಕಾನೂನಿನ ಶಿಷ್ಟಾಚಾರದಲ್ಲಿ ಇದು ಸರಿಯಿರಬಹುದು. ಚರಿತ್ರೆಯಲ್ಲಿ ಇದರ ಪರಿಣಾಮ ಬೇರೆಯೇ ಆಯಿತು. ಹೆಸರು ಹೋದಾಗ ಅದರ ಜೊತೆಗೆ ಜಾತಿ ಹೋಯಿತು, ಊರು ಹೋಯಿತು, ಖುಲಾಸೆಯ ತರ್ಕವೂ ಮರೆಯಾಯಿತು. ಉಳಿದದ್ದು 'ಉದ್ಯೋಗಸ್ಥ ಮಹಿಳೆ' ಎಂಬ, ಕುಲವಿಲ್ಲದ ಒಂದು ಆಕೃತಿ. ಇತ್ತ ಭಂವರಿಯ ಮೇಲ್ಮನವಿ ಹೈಕೋರ್ಟಿನಲ್ಲಿ ದಶಕ ದಾಟಿದರೂ ತೀರ್ಮಾನ ಕಾಣಲಿಲ್ಲ. ಅವರಿಂದ ದೇಶಕ್ಕೆಲ್ಲ ಕಾನೂನು ಸಿಕ್ಕಿತು, ಅವರಿಗೆ ನ್ಯಾಯ ಸಿಗಲಿಲ್ಲ.

ಹೀಗೆ ಜಾತಿ ಮರೆಯಾಗುತ್ತಿದ್ದ ಹೊತ್ತಿಗೇ ಅದನ್ನು ಮುಂದಿಟ್ಟು ಮಾತಾಡಿದವರೂ ಇದ್ದರು. ನಮ್ಮ ಬೆಂಗಳೂರಿನ ರೂತ್ ಮನೋರಮಾ ಅವರ ಮುಂದಾಳತ್ವದಲ್ಲಿ 1995ರಲ್ಲಿ ದಲಿತ ಮಹಿಳೆಯರ ರಾಷ್ಟ್ರೀಯ ಒಕ್ಕೂಟ ಹುಟ್ಟಿತು. ಜಾತಿ, ವರ್ಗ, ಲಿಂಗ ಮೂರೂ ಒಂದೇ ಮೈಮೇಲೆ ಒಟ್ಟಿಗೆ ಬೀಳುತ್ತವೆ ಎಂದು ಅದು ಹೇಳಿತು. ಈ ಮಾತು ವಿಶ್ವವಿದ್ಯಾಲಯದ ಸ್ತ್ರೀವಾದಕ್ಕೂ ಹೇಳಿದ್ದು, ನಮ್ಮ ದಲಿತ ಚಳವಳಿಯ ಗಂಡಸರಿಗೂ ಹೇಳಿದ್ದು.

ವಿಶಾಖಾ ಬಂದ ಮೇಲೆ ಕ್ಯಾಂಪಸ್ಸುಗಳು ಒಂದೊಂದಾಗಿ ಅಲುಗಿದವು. ದೆಹಲಿಯ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯ 1999ರಲ್ಲಿ 'ಜಿಎಸ್‌ಕ್ಯಾಶ್' ಎಂಬ ಸಮಿತಿ ಮಾಡಿತು. ಅದರಲ್ಲಿ ವಿದ್ಯಾರ್ಥಿಗಳೂ ಅಧ್ಯಾಪಕರೂ ತಮ್ಮ ಪ್ರತಿನಿಧಿಗಳನ್ನು ಓಟು ಹಾಕಿ ಆರಿಸುತ್ತಿದ್ದರು. ದೂರು ವಿಚಾರಿಸುವುದರ ಜೊತೆಗೆ ತಿಳಿವಳಿಕೆ ಮೂಡಿಸುವುದೂ ಅದರ ಕೆಲಸವಾಗಿತ್ತು. 2017ರ ಸೆಪ್ಟೆಂಬರಿನಲ್ಲಿ ಆಡಳಿತ ಅದನ್ನು ತೆಗೆದುಹಾಕಿ ಆಂತರಿಕ ದೂರು ಸಮಿತಿಯನ್ನು ತಂದಿತು. ಕಾಯ್ದೆಗೆ ತಕ್ಕಂತೆ ಮಾಡಿದ್ದೇವೆ ಎಂಬುದು ಆಡಳಿತದ ಸಮರ್ಥನೆ. ಓಟಿನಿಂದ ಬಂದ ಸ್ವಾಯತ್ತತೆಯನ್ನು ಮುರಿದರು ಎಂಬುದು ವಿದ್ಯಾರ್ಥಿಗಳ, ಅಧ್ಯಾಪಕರ ಆಕ್ಷೇಪ.

ಆ ಕಾಯ್ದೆ 2013ರದು. 2012ರ ಡಿಸೆಂಬರಿನ ದೆಹಲಿಯ ಘಟನೆ ದೇಶವನ್ನು ಎಬ್ಬಿಸಿದ ಮೇಲೆ ಅದು ಜಾರಿಗೆ ಬಂತು. ಯುಜಿಸಿ ಕೂಡ 'ಸಕ್ಷಮ್' ಎಂಬ ವರದಿ ತರಿಸಿಕೊಂಡು, 2015ರ ಹೆಸರಿನ ನಿಯಮಾವಳಿಯನ್ನು 2016ರ ಮೇ ತಿಂಗಳಲ್ಲಿ ಪ್ರಕಟಿಸಿತು. ಅದನ್ನು ಹೋರಾಟಗಾರರು, ವಿದ್ಯಾರ್ಥಿಗಳು ಒಮ್ಮೆಯಾದರೂ ಕೂತು ಓದಬೇಕು. ದೂರು ಕೊಡಲು ಮೂರು ತಿಂಗಳು, ಕಾರಣವಿದ್ದರೆ ಇನ್ನೂ ಮೂರು ತಿಂಗಳು. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ವರದಿ 10 ದಿನದಲ್ಲಿ ಆಡಳಿತಕ್ಕೆ ಹೋಗಬೇಕು, ಮೇಲ್ಮನವಿ ಇಲ್ಲದಿದ್ದರೆ 30 ದಿನದಲ್ಲಿ ಕ್ರಮವಾಗಬೇಕು. ವಿದ್ಯಾರ್ಥಿಗಳ ವಿಷಯವಾದರೆ ಚುನಾಯಿತರಾದ ಮೂವರು ವಿದ್ಯಾರ್ಥಿಗಳು ಸಮಿತಿಯಲ್ಲಿರಬೇಕು. ಕುಲಪತಿ, ಕುಲಸಚಿವ, ಡೀನ್, ವಿಭಾಗದ ಮುಖ್ಯಸ್ಥ ಇವರು ಯಾರೂ ಸದಸ್ಯರಾಗಕೂಡದು. ಹೆಣ್ಣುಮಕ್ಕಳ ಸುರಕ್ಷತೆಯ ನೆಪದಲ್ಲಿ ಅವರ ಹಾಸ್ಟೆಲಿಗೆ ಮಾತ್ರ ಬೇರೆ ಕಟ್ಟುಪಾಡು ಹಾಕಕೂಡದು. 'ತಡೆಗಟ್ಟುವಿಕೆ' ಎಂದರೆ ಸಂಜೆ ಆರಕ್ಕೆ ಗೇಟಿಗೆ ಬೀಗ ಜಡಿಯುವುದು ಎಂದು ತಿಳಿದಿರುವ ವಾರ್ಡನ್ನುಗಳಿಗೆ ಇದನ್ನು ಓದಿ ಹೇಳಬೇಕು.

ಇಷ್ಟು ಒಳ್ಳೆಯ ನಿಯಮಾವಳಿಯಲ್ಲಿ ಜಾತಿ ಎಲ್ಲಿದೆ? ಇದೆ, ಒಂದು ಕಡೆ. ಪ್ರದೇಶ, ವರ್ಗ, ಜಾತಿ ಮುಂತಾದವುಗಳಿಂದ ಕೆಲವರು ಹೆಚ್ಚು ಅಪಾಯಕ್ಕೆ ಒಳಗಾಗುತ್ತಾರೆ, ಅವರಿಗೆ ದೂರು ಕೊಡುವುದೂ ಕಷ್ಟ, ಸಮಿತಿಗಳು ಸೂಕ್ಷ್ಮವಾಗಿರಬೇಕು ಎಂದಿದೆ. ಅದು ಹಿತನುಡಿ. ಸಮಿತಿಯಲ್ಲಿ ಯಾರು ಕೂರಬೇಕು ಎಂಬ ಕಲಮಿಗೆ ಬಂದರೆ ದಲಿತ, ಆದಿವಾಸಿ ಹೆಂಗಸಿಗೆ ಅಲ್ಲಿ ಕುರ್ಚಿಯಿಲ್ಲ. ಅಧ್ಯಕ್ಷೆ ಹಿರಿಯ ಹುದ್ದೆಯವರಾಗಿರಬೇಕು: ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್, ಕಾಲೇಜಿನಲ್ಲಿ ಅಸೋಸಿಯೇಟ್ ಪ್ರೊಫೆಸರ್. ನಮ್ಮ ಹೆಣ್ಣುಮಕ್ಕಳು ಹೆಚ್ಚಾಗಿ ಸಿಗುವುದು ಅತಿಥಿ ಉಪನ್ಯಾಸಕರ ಪಟ್ಟಿಯಲ್ಲಿ, ವರ್ಷ ವರ್ಷವೂ ಆರ್ಡರಿಗೆ ಕಾಯುವ ಜಾಗದಲ್ಲಿ. ನಾನೂ ಅಲ್ಲೇ ಇದ್ದೇನೆ.

ಇನ್ನೊಂದು ವಿಚಿತ್ರ ನೋಡಿ. 2013ರ ಕಾಯ್ದೆಯಲ್ಲಿ ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿ ಅಂತ ಇದೆ. ಅದಕ್ಕೆ ನಾಮಕರಣವಾಗುವವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಇಲ್ಲವೇ ಅಲ್ಪಸಂಖ್ಯಾತ ಸಮುದಾಯದ ಮಹಿಳೆಯಾಗಿರಬೇಕು ಎಂದು ಕಾಯ್ದೆ ಸ್ಪಷ್ಟವಾಗಿ ಹೇಳುತ್ತದೆ. ಸಂಸ್ಥೆಯೊಳಗಿನ ಆಂತರಿಕ ಸಮಿತಿಯ ಕಲಮಿನಲ್ಲಿ ಆ ಮಾತಿಲ್ಲ. ಅಂದರೆ ಶಾಸನಕ್ಕೆ ಜಾತಿ ಗೊತ್ತಿಲ್ಲ ಅಂತೇನಿಲ್ಲ. ಮನೆಗೆಲಸದವರು, ಸಣ್ಣ ಅಂಗಡಿಯವರು ಬರುವ ಬಾಗಿಲಲ್ಲಿ ಅದಕ್ಕೆ ಜಾತಿ ನೆನಪಾಯಿತು. ಆಫೀಸು, ವಿಶ್ವವಿದ್ಯಾಲಯದ ಬಾಗಿಲಿಗೆ ಬಂದಾಗ ಮರೆತುಹೋಯಿತು.

ಈ ಮರೆವಿನ ಫಲ ಫೈಲಿನಲ್ಲಿ ಕಾಣುತ್ತದೆ. ಕ್ಯಾಂಪಸ್ಸಿನಲ್ಲಿ ಎಸ್‌ಸಿ-ಎಸ್‌ಟಿ ಸೆಲ್ ಒಂದು ಕೊಠಡಿ, ದೂರು ಸಮಿತಿ ಇನ್ನೊಂದು ಕೊಠಡಿ. ಜಾತಿ ಹಿಡಿದು ಬೈದು ಕೈಹಾಕಿದರೆ ಬೈದದ್ದು ಆ ಕೊಠಡಿಗೆ, ಕೈಹಾಕಿದ್ದು ಈ ಕೊಠಡಿಗೆ. ಹುಡುಗಿಯ ಮೈಯನ್ನು ಹೀಗೆ ಎರಡು ಫೈಲಾಗಿ ಸೀಳಲು ಬರುತ್ತದೆಯೆ? 2016ರ ಜನವರಿ 26ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಪರಿಶಿಷ್ಟ ಜಾತಿ ಅಥವಾ ಪಂಗಡದವಳು ಎಂದು ಗೊತ್ತಿದ್ದೂ ಒಬ್ಬ ಹೆಣ್ಣನ್ನು ಅವಳ ಒಪ್ಪಿಗೆಯಿಲ್ಲದೆ ಲೈಂಗಿಕವಾಗಿ ಮುಟ್ಟುವುದು, ಅಂಥ ಮಾತಾಡುವುದು, ಸನ್ನೆ ಮಾಡುವುದು ಆ ಜಾತಿ, ಪಂಗಡಗಳ ಹೊರಗಿನವರಿಗೆ ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ. ಈ ಕಾಯ್ದೆಯ ಹೆಸರನ್ನು ಎಷ್ಟು ದೂರು ಸಮಿತಿಗಳು ಹುಡುಗಿಗೆ ಬಾಯಿಬಿಟ್ಟು ಹೇಳುತ್ತವೆ?

ಸುಪ್ರೀಂ ಕೋರ್ಟೇ 2021ರ ಏಪ್ರಿಲಿನಲ್ಲಿ, ಪಾಟನ್ ಜಮಾಲ್ ವಲಿ ಮೊಕದ್ದಮೆಯಲ್ಲಿ, ಕಣ್ಣಿಲ್ಲದ ದಲಿತ ಯುವತಿಯೊಬ್ಬಳ ಮೇಲಿನ ಅತ್ಯಾಚಾರವನ್ನು ವಿಚಾರಿಸುತ್ತ, ಲಿಂಗ, ಜಾತಿ, ಅಂಗವಿಕಲತೆ ಒಂದರೊಳಗೊಂದು ಹೆಣೆದುಕೊಂಡು ಹಿಂಸೆಯಾಗುವುದನ್ನು ವಿವರವಾಗಿ ಬರೆಯಿತು. ಅತ್ಯಾಚಾರದ ಶಿಕ್ಷೆಯನ್ನು ಎತ್ತಿಹಿಡಿಯಿತು. ಆದರೆ ಜಾತಿಯ ಕಾರಣಕ್ಕೇ ನಡೆದದ್ದು ಎಂಬುದಕ್ಕೆ ಪುರಾವೆ ಸಾಲದು ಎಂದು, ಕೃತ್ಯ ನಡೆದಾಗ ಇದ್ದ ಹಳೆಯ ಕಾಯ್ದೆಯ ಪ್ರಕಾರ, ದೌರ್ಜನ್ಯ ತಡೆ ಕಾಯ್ದೆಯ ಶಿಕ್ಷೆಯನ್ನು ತೆಗೆಯಿತು. ಹೆಣಿಗೆ ಕಣ್ಣಿಗೆ ಕಂಡರೂ ದಾಖಲೆಯಲ್ಲಿ ನಿಲ್ಲಲಿಲ್ಲ. ನಮಗೆ ಇದರಲ್ಲಿ ಪಾಠವಿದೆ. ಜಾತಿಯ ಮಾತು ಮೊದಲ ದಿನದ ಮೊದಲ ಹೇಳಿಕೆಯಲ್ಲೇ ದಾಖಲಾಗಬೇಕು.

ನಮ್ಮೊಳಗಿನ ಮಾತೂ ಒಂದಿದೆ. ದೂರು ನಮ್ಮದೇ ಸಂಘಟನೆಯ ಹುಡುಗನ ಮೇಲೆ ಬಂದಾಗ 'ಚಳವಳಿಗೆ ಕೆಟ್ಟ ಹೆಸರು ಬರುತ್ತೆ, ಒಳಗೇ ಮುಗಿಸೋಣ' ಎನ್ನುವ ದನಿ ಏಳುತ್ತದೆ. ಕೇರಿಯ ಹುಡುಗನನ್ನು ಸುಳ್ಳು ದೂರಿನಲ್ಲಿ ಸಿಕ್ಕಿಸುತ್ತಾರೆ ಎಂಬ ಭಯವೂ ಪೂರ್ತಿ ಹುಸಿಯಲ್ಲ. ಎರಡಕ್ಕೂ ಮದ್ದು ಒಂದೇ: ಎರಡೂ ಕಡೆಯವರು ನಂಬಬಹುದಾದ ಸಮಿತಿ. ಮೇಜಿನ ಆಚೆ ಕೂತವರಲ್ಲಿ ನಮ್ಮವರೂ ಇದ್ದರೆ ಹುಡುಗಿ ಬಾಯಿ ಬಿಡುತ್ತಾಳೆ, ಹುಡುಗನೂ ತನ್ನ ಮಾತು ಕೇಳಿಸಿಕೊಂಡರು ಎಂದು ನಂಬುತ್ತಾನೆ. ಒಳಗೇ ಮುಗಿಸುವ ನ್ಯಾಯ ಪಂಚಾಯ್ತಿ ಕಟ್ಟೆಯ ನ್ಯಾಯ. ಆ ಕಟ್ಟೆಯ ರುಚಿ ನಮಗೆ ಗೊತ್ತಿರುವಷ್ಟು ಬೇರೆ ಯಾರಿಗೆ ಗೊತ್ತು?

ಹಾಗಾಗಿ ನಾವು ಕೇಳಬೇಕಾದ್ದು ದೊಡ್ಡದೇನಲ್ಲ. ಸ್ಥಳೀಯ ಸಮಿತಿಗೆ ಇರುವ ನಿಯಮ ಕ್ಯಾಂಪಸ್ಸಿನ ಸಮಿತಿಗೂ ಬರಲಿ, ದಲಿತ, ಆದಿವಾಸಿ ಮಹಿಳೆಗೆ ಅಲ್ಲಿ ಖಾತ್ರಿಯಾದ ಕುರ್ಚಿ ಇರಲಿ. ಎರಡು ಕೊಠಡಿಯವರು ಒಟ್ಟಿಗೆ ಕೂತು ಒಂದೇ ಹೇಳಿಕೆ ಬರೆದುಕೊಳ್ಳಲಿ. ದೌರ್ಜನ್ಯ ತಡೆ ಕಾಯ್ದೆಯಡಿ ಪೊಲೀಸರಿಗೆ ಹೋಗುವ ಹಕ್ಕಿದೆ ಎಂದು ಹುಡುಗಿಗೆ ಮೊದಲ ದಿನವೇ ಕನ್ನಡದಲ್ಲಿ ತಿಳಿಸಲಿ. ವಿದ್ಯಾರ್ಥಿ ಪ್ರತಿನಿಧಿಗಳು ಓಟಿನಿಂದ ಬರಲಿ. ಇದಕ್ಕೆ ಕಾಯ್ದೆ ಬದಲಾಗುವವರೆಗೆ ಕಾಯಬೇಕಾಗಿಲ್ಲ. ಮನಸ್ಸಿದ್ದರೆ ಬರುವ ಸೋಮವಾರವೇ ಒಬ್ಬ ಪ್ರಾಂಶುಪಾಲರು ಇದರಲ್ಲಿ ಅರ್ಧ ಮಾಡಬಹುದು.

ಮಥುರಾ ಕಾಲೇಜಿನ ಮೆಟ್ಟಿಲು ಹತ್ತಲಿಲ್ಲ, ಭಂವರಿಯೂ ಹತ್ತಲಿಲ್ಲ. ಅವರು ಸೋತ ಮೊಕದ್ದಮೆಗಳಿಂದ ಹುಟ್ಟಿದ ಕಾನೂನು ನಮ್ಮ ಕಾರಿಡಾರಿನ ಗೋಡೆಯ ಮೇಲೆ ನೇತಾಡುತ್ತಿದೆ. ಅವರ ಕುಲದ, ಅವರಿಗಿಂತ ಕೆಳಗಿಟ್ಟ ಕುಲಗಳ ಹೆಣ್ಣುಮಕ್ಕಳು ಈಗ ಮೊದಲ ಸಲ ಆ ಕಾರಿಡಾರಿಗೆ ಬಂದು, ಬೋರ್ಡಿನ ಮುಂದೆ ನಿಂತು ತಮ್ಮವರ ಹೆಸರು ಹುಡುಕುತ್ತಿದ್ದಾರೆ. ಆ ಹುಡುಗಿ ಇನ್ನೊಮ್ಮೆ ಕೇಳಿದಾಗ 'ಇದಾರೆ ಕಣಮ್ಮ, ಬಾ ಹೋಗೋಣ' ಎಂದು ಹೇಳುವ ಹಾಗಾಗಬೇಕು.