ಅರ್ಧಕ್ಕೆ ನಿಂತ ಕಾಲಚಕ್ರವನ್ನು ತಿರುಗಿಸಿದವರು



ಒಬ್ಬನು ಆರಂಭಿಸಿದ ಕೃತಿಯನ್ನು ಮತ್ತೊಬ್ಬನು ಪೂರ್ಣಗೊಳಿಸಬಹುದೇ ಎಂಬ ಪ್ರಶ್ನೆ ನಮಗೆ ಹೊಸದೇನಲ್ಲ. ಏಳನೆಯ ಶತಮಾನದಲ್ಲಿ ಹರ್ಷವರ್ಧನನ ಆಸ್ಥಾನದಲ್ಲಿದ್ದ ಬಾಣಭಟ್ಟನು ತನ್ನ ‘ಕಾದಂಬರಿ’ಯನ್ನು ಮುಗಿಸದೆಯೇ ತೀರಿಕೊಂಡ. ಉತ್ತರಭಾಗವನ್ನು ಬರೆದವನು ಅವನ ಮಗ ಭೂಷಣಭಟ್ಟ. ಕಥೆ ನಡುವೆಯೇ ಕಡಿದುಹೋದದ್ದಕ್ಕೆ ಸಜ್ಜನರು ನೊಂದುಕೊಂಡದ್ದನ್ನು ಕಂಡು ಈ ಕೆಲಸಕ್ಕೆ ಕೈಹಾಕಿದೆನೇ ಹೊರತು ತನ್ನ ಕವಿತ್ವದ ಗರ್ವದಿಂದಲ್ಲ ಎಂಬ ಭಾವವನ್ನು ಅವನು ಆರಂಭದಲ್ಲಿಯೇ ನಿವೇದಿಸಿಕೊಂಡಿದ್ದಾನೆ. ಆ ಕೃತಿಯನ್ನು ಒಂದನೆಯ ನಾಗವರ್ಮನು ‘ಕರ್ಣಾಟಕ ಕಾದಂಬರಿ’ಯಾಗಿ ಕನ್ನಡಕ್ಕೆ ತಂದ. ಮುಂದೆ ಆ ಹೆಸರೇ ನಮ್ಮ ಭಾಷೆಯಲ್ಲಿ ಒಂದು ಸಾಹಿತ್ಯಪ್ರಕಾರದ ಹೆಸರಾಯಿತು. ನಾವು ಇಂದು ‘ಕಾದಂಬರಿ ಓದಿದೆ’ ಎನ್ನುವಾಗಲೆಲ್ಲ, ತಂದೆ ಬಿಟ್ಟುಹೋದದ್ದನ್ನು ಮಗ ಮುಗಿಸಿದ ಒಂದು ಕೃತಿಯ ಹೆಸರನ್ನೇ ಉಚ್ಚರಿಸುತ್ತಿರುತ್ತೇವೆ.

ಈ ಪ್ರಶ್ನೆಯನ್ನು ಈಚೆಗೆ ಮತ್ತೆ ನನ್ನೆದುರು ತಂದಿಟ್ಟವನು ಹೊರದೇಶದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಯೊಬ್ಬ. ಇಂಜಿನಿಯರಿಂಗ್ ಓದುತ್ತಿದ್ದಾಗ ಬೆಂಗಳೂರಿನ ಅವೆನ್ಯೂ ರಸ್ತೆಯ ಹಳೆಯ ಪುಸ್ತಕಗಳ ರಾಶಿಯಲ್ಲಿ ಮೊದಲ ಸಂಪುಟ ಸಿಕ್ಕಿತಂತೆ. ಕಡೆಯ ಸಂಪುಟವನ್ನು ಓದುವ ವೇಳೆಗೆ ಅವನ ಮಗಳು ಶಾಲೆಗೆ ಹೋಗುತ್ತಿದ್ದಳಂತೆ. ರಜೆಯಲ್ಲಿ ಬಂದಾಗ ಹದಿನಾಲ್ಕು ಸಂಪುಟಗಳನ್ನೂ ನನ್ನ ಮನೆಯಲ್ಲಿ ಇಳಿಸಿ, “ನಿವೃತ್ತರಾಗಿದ್ದೀರಿ ಸರ್, ಇನ್ನು ಸಮಯವಿಲ್ಲ ಎನ್ನುವಂತಿಲ್ಲ” ಎಂದು ನಕ್ಕು ಹೋದ. ಅದ್ಭುತರಮ್ಯ ಕಥೆಗಳೆಂದರೆ ಮೂಗು ಮುರಿಯುವ ಜಾತಿ ನನ್ನದಲ್ಲ. ಕುಮಾರವ್ಯಾಸನನ್ನೂ ‘ಜೈಮಿನಿ ಭಾರತ’ವನ್ನೂ ಪಾಠ ಹೇಳಿದವನಿಗೆ ಮಂತ್ರಾಸ್ತ್ರಗಳೇನೂ ಹೊಸವಲ್ಲವಷ್ಟೆ. ಎರಡು ವರ್ಷ ಹಿಡಿಯಿತು, ಓದಿದೆ.

ಕೃತಿಯ ಹೆಸರು ‘ದಿ ವೀಲ್ ಆಫ್ ಟೈಮ್’. ಕಾಲಚಕ್ರ ಎಂದರೆ ನಮಗೆ ಥಟ್ಟನೆ ಹೊಳೆಯುತ್ತದೆ. ಯುಗಗಳು ಬಂದು ಹೋಗಿ ಮತ್ತೆ ಬರುತ್ತವೆ, ಹಳೆಯ ಯುಗದ ಇತಿಹಾಸ ಹೊಸ ಯುಗಕ್ಕೆ ಪುರಾಣವಾಗುತ್ತದೆ ಎಂಬ ಕಲ್ಪನೆಯ ಮೇಲೆ ಇಡೀ ಕಥೆ ನಿಂತಿದೆ. ರ‍್ಯಾಂಡ್ ಎಂಬ ಹಳ್ಳಿಯ ಕುರುಬರ ಹುಡುಗ, ಅವನ ಗೆಳೆಯರಾದ ಮ್ಯಾಟ್ ಮತ್ತು ಪೆರಿನ್, ಜಗತ್ತನ್ನು ನುಂಗಲು ಕಾದಿರುವ ತಮಶ್ಶಕ್ತಿ, ಕಟ್ಟಕಡೆಗೆ ನಡೆಯಲೇಬೇಕಾದ ಮಹಾಯುದ್ಧ. ಕಥೆಯ ವಿವರಕ್ಕೆ ನಾನು ಹೋಗುವುದಿಲ್ಲ. ನನ್ನನ್ನು ಹಿಡಿದು ನಿಲ್ಲಿಸಿದ್ದು ಕೃತಿಯೊಳಗಿನ ಕಥೆಗಿಂತ ಹೆಚ್ಚಾಗಿ ಕೃತಿಯದೇ ಕಥೆ.

ಲೇಖಕ ರಾಬರ್ಟ್ ಜೋರ್ಡಾನ್. ಇದು ಕಾವ್ಯನಾಮ, ನಿಜನಾಮ ಜೇಮ್ಸ್ ಆಲಿವರ್ ರಿಗ್ನಿ. 1948ರಲ್ಲಿ ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್ಸ್‌ಟನ್ ನಗರದಲ್ಲಿ ಹುಟ್ಟಿದವರು. ವಿಯೆಟ್ನಾಂ ಯುದ್ಧದಲ್ಲಿ ಹೆಲಿಕಾಪ್ಟರಿನಲ್ಲಿ ಕುಳಿತು ಬಂದೂಕು ನಡೆಸಿದ ಸೈನಿಕ. ಹಿಂದಿರುಗಿದ ಮೇಲೆ ಭೌತಶಾಸ್ತ್ರದ ಪದವಿ ಪಡೆದು ನೌಕಾಪಡೆಗಾಗಿ ಪರಮಾಣು ಇಂಜಿನಿಯರ್ ಆಗಿ ದುಡಿದರು. ಅವರ ಸಾಹಿತ್ಯಜೀವನದ ಆರಂಭಕಾಲದ ಒಂದು ಸಂಗತಿ ಇಲ್ಲಿ ಬಹಳ ಮುಖ್ಯ. ರಾಬರ್ಟ್ ಹೊವಾರ್ಡ್ ಎಂಬ ಲೇಖಕರು ಸೃಷ್ಟಿಸಿದ ಕೋನನ್ ಎಂಬ ವೀರನಿದ್ದಾನೆ. ಹೊವಾರ್ಡ್ 1936ರಲ್ಲಿಯೇ ತೀರಿಕೊಂಡಿದ್ದರು. ಆ ಕೋನನ್‌ನನ್ನು ನಾಯಕನನ್ನಾಗಿಸಿ ಜೋರ್ಡಾನ್ 1982ರಿಂದ 1984ರ ನಡುವೆ ಏಳು ಪುಸ್ತಕಗಳನ್ನು ಬರೆದರು. ಅಂದರೆ, ಮರಣಿಸಿದ ಲೇಖಕನ ಪಾತ್ರಕ್ಕೆ ಮತ್ತೊಬ್ಬನು ಉಸಿರು ಕೊಡುವುದು ಎಂಥದೆಂಬುದು ಅವರಿಗೆ ಪರೋಕ್ಷವಾಗಿ ಅಲ್ಲ, ಕೈಯಾರೆ ತಿಳಿದಿತ್ತು.

ಕಾಲಚಕ್ರದ ಮೊದಲ ಸಂಪುಟ ‘ದಿ ಐ ಆಫ್ ದಿ ವರ್ಲ್ಡ್’ 1990ರಲ್ಲಿ ಟೋರ್ ಪ್ರಕಾಶನದಿಂದ ಬಂದಿತು. ಮೊದಲಿನ ಒಪ್ಪಂದ ಆರು ಸಂಪುಟಗಳಿಗೆ. ಆದರೆ ಆರಕ್ಕೆ ಮುಗಿಯಲಿಲ್ಲ, ಎಂಟಕ್ಕೂ ಮುಗಿಯಲಿಲ್ಲ. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ: ಏಳರಿಂದ ಹತ್ತರವರೆಗಿನ ಸಂಪುಟಗಳಲ್ಲಿ ನಾನು ಹಲವು ಬಾರಿ ಕನ್ನಡಕ ಕೆಳಗಿಟ್ಟೆ. 2003ರಲ್ಲಿ ಬಂದ ಹತ್ತನೆಯ ಸಂಪುಟದಲ್ಲಂತೂ ಪಾತ್ರಗಳು ಉಡುಪು ಬದಲಿಸುವುದರಲ್ಲಿಯೂ ಚಹಾ ಕುಡಿಯುವುದರಲ್ಲಿಯೂ ತೋರುವ ಉತ್ಸಾಹವನ್ನು ಕಥೆಯನ್ನು ಮುಂದೂಡುವುದರಲ್ಲಿ ತೋರುವುದಿಲ್ಲ. 2005ರ ಹನ್ನೊಂದನೆಯ ಸಂಪುಟದಲ್ಲಿ ಬಂಡಿ ಮತ್ತೆ ದಾರಿಗೆ ಬಂದಿತು. ಇನ್ನೊಂದೇ ಸಂಪುಟ, ಅದು ಎಷ್ಟೇ ದಪ್ಪವಾದರೂ ಸರಿ, ಓದುಗರು ಅಂಗಡಿಯಿಂದ ಗಾಡಿಯಲ್ಲಿ ಎಳೆದುಕೊಂಡು ಹೋಗಬೇಕಾದರೂ ಸರಿ, ಅಲ್ಲಿಗೆ ಮುಗಿಸುತ್ತೇನೆ ಎಂದು ಅವರು ವಿನೋದವಾಗಿ ಹೇಳುತ್ತಿದ್ದರು.

ಅಷ್ಟರಲ್ಲಿ ರೋಗ ಬಂದಿತು. ಅಮಿಲಾಯ್ಡೋಸಿಸ್ ಎಂಬ, ಹೃದಯದ ಸ್ನಾಯುವನ್ನೇ ಪೆಡಸುಗೊಳಿಸುವ ಅಪರೂಪದ ಕಾಯಿಲೆ. 2006ರ ಮಾರ್ಚಿಯಲ್ಲಿ ಅವರೇ ಅದನ್ನು ಓದುಗರಿಗೆ ತಿಳಿಸಿದರು. 2007ರ ಸೆಪ್ಟೆಂಬರ್ 16ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ ತೀರಿಕೊಂಡರು.

ಆ ನಡುವಿನ ಒಂದೂವರೆ ವರ್ಷದಲ್ಲಿ ನಡೆದದ್ದೇ ಈ ಇತಿಹಾಸದ ತಿರುಳು. ಆರೋಗ್ಯವಾಗಿದ್ದ ಕಾಲದಲ್ಲಿ ಜೋರ್ಡಾನ್, ತಾನು ಮುಗಿಸುವ ಮೊದಲೇ ಸತ್ತರೆ ತನ್ನ ಕಂಪ್ಯೂಟರಿನಲ್ಲಿರುವುದೆಲ್ಲವನ್ನೂ ಮತ್ತೆ ಯಾರೂ ಓದಲಾಗದಂತೆ ಅಳಿಸಿಹಾಕುವ ಏರ್ಪಾಡು ಮಾಡಿದ್ದೇನೆ, ಮತ್ತೊಬ್ಬರು ಇದನ್ನು ಮುಗಿಸಕೂಡದು ಎಂದು ಹೇಳುತ್ತಿದ್ದರು. ಲೇಖಕನ ಈ ಅಭಿಮಾನವನ್ನು ತಪ್ಪೆನ್ನಲಾಗದು. ಇಂಗ್ಲೆಂಡಿನ ಟೆರಿ ಪ್ರ್ಯಾಚೆಟ್ ಅವರ ವಿಷಯದಲ್ಲಿ ಹೀಗೆಯೇ ನಡೆಯಿತು: ಅವರು 2015ರಲ್ಲಿ ತೀರಿಕೊಂಡ ಮೇಲೆ, ಅವರ ಇಚ್ಛೆಯಂತೆ, ಅಪೂರ್ಣ ಬರಹಗಳಿದ್ದ ಹಾರ್ಡ್ ಡಿಸ್ಕನ್ನು 2017ರ ಆಗಸ್ಟಿನಲ್ಲಿ ಹಳೆಯ ಕಾಲದ ಉಗಿಯಂತ್ರದ ರೋಡ್ ರೋಲರಿನ ಕೆಳಗಿಟ್ಟು ಪುಡಿಮಾಡಲಾಯಿತು. ಜೋರ್ಡಾನ್ ಮಾತ್ರ ಸಾವು ಎದುರು ನಿಂತಾಗ ಮನಸ್ಸು ಬದಲಿಸಿದರು. ಬಲ ಕುಂದುತ್ತಿದ್ದಂತೆ ಕಥೆಯ ಉಳಿದ ಭಾಗವನ್ನು ಮನೆಯವರಿಗೆ ಬಾಯಲ್ಲಿ ಹೇಳಿದರು, ಧ್ವನಿಮುದ್ರಣ ಮಾಡಿಸಿದರು, ಯಾರು ಬದುಕುತ್ತಾರೆ, ಯಾರು ಸಾಯುತ್ತಾರೆ, ಯುದ್ಧ ಹೇಗೆ ಮುಗಿಯುತ್ತದೆ ಎಂಬುದಕ್ಕೆ ಟಿಪ್ಪಣಿಗಳನ್ನು ಬಿಟ್ಟರು. ಕಟ್ಟಕಡೆಯ ದೃಶ್ಯವನ್ನು ಮಾತ್ರ ಸ್ವತಃ ಬರೆದಿಟ್ಟಿದ್ದರು.

ಹದಿನೇಳು ವರ್ಷ ಕಾದ ಓದುಗರ ಮುಖ ಅವರ ಕಣ್ಮುಂದೆ ಬಂದಿರಬೇಕು. ನನ್ನ ಊಹೆ ಇದು. ಆದರೆ ಭೂಷಣಭಟ್ಟನು ಹೇಳಿದ ಆ ಸಜ್ಜನರ ದುಃಖವೆಂಬುದು ಕೇವಲ ಕವಿಸಮಯವಲ್ಲ ಎಂದು ನನಗೆ ಮನವರಿಕೆಯಾದದ್ದು ಇಲ್ಲಿ.

ಇನ್ನು ಹ್ಯಾರಿಯಟ್ ಮೆಕ್‌ಡೂಗಲ್ ಅವರ ವಿಚಾರ. ಈಕೆ ಜೋರ್ಡಾನರ ಪತ್ನಿ ಮಾತ್ರವಲ್ಲ, ಅವರ ಸಂಪಾದಕಿ. ಮದುವೆಗೂ ಮೊದಲೇ ಅವರ ಬರಹವನ್ನು ತಿದ್ದಿದವರು. ಸರಣಿಯ ಪ್ರತಿಯೊಂದು ಸಂಪುಟವೂ ಇವರ ಕೈದಾಟಿಯೇ ಅಚ್ಚಿಗೆ ಹೋದದ್ದು. ನಮ್ಮ ಸಾಹಿತ್ಯಚರಿತ್ರೆಗಳಲ್ಲಿ ಕವಿಗಳ ಮಡದಿಯರಿಗೆ ಒಂದು ಸಾಲು ಸಿಕ್ಕುವುದೂ ದುರ್ಲಭ. ಈ ಚರಿತ್ರೆಯಲ್ಲಿ ಆಕೆಯೇ ನಡುಗಂಬ. ಪತಿ ತೀರಿಕೊಂಡ ದಿನಗಳಲ್ಲಿ, ಬ್ರ್ಯಾಂಡನ್ ಸ್ಯಾಂಡರ್ಸನ್ ಎಂಬ ತರುಣ ಲೇಖಕ ಬರೆದಿದ್ದ ಶ್ರದ್ಧಾಂಜಲಿಯೊಂದನ್ನು ಪರಿಚಿತರು ಆಕೆಗೆ ತೋರಿಸಿದರು. 1975ರಲ್ಲಿ ಹುಟ್ಟಿದ ಸ್ಯಾಂಡರ್ಸನ್ ಆಗ ಬಲ್ಲವರ ನಡುವೆ ಮಾತ್ರ ಹೆಸರಾಗಿದ್ದವರು. ಮೊದಲ ಕಾದಂಬರಿ ‘ಎಲಾಂಟ್ರಿಸ್’ ಅಚ್ಚಾದದ್ದು 2005ರಲ್ಲಿ. ಹದಿಹರೆಯದಲ್ಲಿ ಕಾಲಚಕ್ರದ ಮೊದಲ ಸಂಪುಟವನ್ನು ಓದಿ ಬರೆಯುವ ಹುಚ್ಚು ಹತ್ತಿಸಿಕೊಂಡವರು. ಹ್ಯಾರಿಯಟ್ ಅವರ ‘ಮಿಸ್ಟ್‌ಬಾರ್ನ್’ ಕಾದಂಬರಿಯನ್ನು ತರಿಸಿ ಓದಿ ನೋಡಿ, ಈತ ಆಗಬಹುದು ಎಂದು ತೀರ್ಮಾನಿಸಿದರು. ಸ್ಯಾಂಡರ್ಸನ್ ಅರ್ಜಿ ಹಾಕಿರಲಿಲ್ಲ. ಕರೆ ತಾನಾಗಿಯೇ ಬಂದಿತು. ಡಿಸೆಂಬರಿನಲ್ಲಿ ಸುದ್ದಿ ಪ್ರಕಟವಾಯಿತು. ಅದೇ ತಿಂಗಳು ಅವರು ಚಾರ್ಲ್ಸ್‌ಟನ್‌ಗೆ ಹೋಗಿ, ಆ ಮನೆಯಲ್ಲಿ, ಬಂದ ದಿನದ ರಾತ್ರಿಯೇ, ಕಟ್ಟಕಡೆಯ ದೃಶ್ಯವನ್ನು ಓದಿದರಂತೆ. ಹುಡುಗನಾಗಿದ್ದಾಗ ಆರಂಭಿಸಿದ ಕಥೆಯ ಕೊನೆಯನ್ನು, ಅದರ ನಡುವಿನ ಭಾಗವನ್ನು ತಾನೇ ಬರೆಯಬೇಕೆಂದು ಗೊತ್ತಿದ್ದೂ, ಮೊದಲೇ ಓದುವುದು! ಯಾವ ಓದುಗನಿಗೂ ಬರಬಾರದ, ಆದರೆ ಎಲ್ಲರೂ ಬಯಸಬಹುದಾದ ಗಳಿಗೆ.

ಟಿಪ್ಪಣಿಗಳಿದ್ದರೂ ಅವು ಕೃತಿಯಲ್ಲ. ಎಲ್ಲೋ ಒಂದು ಪೂರ್ಣ ಪ್ರಸಂಗ, ಎಲ್ಲೋ ಒಂದೆರಡು ವಾಕ್ಯ, ಎಷ್ಟೋ ಕಡೆ ಖಾಲಿ. ಒಂದೇ ಸಂಪುಟವೆಂದುಕೊಂಡದ್ದು ಮೂರಾಯಿತು: ‘ದಿ ಗ್ಯಾದರಿಂಗ್ ಸ್ಟಾರ್ಮ್’ 2009ರಲ್ಲಿ, ‘ಟವರ್ಸ್ ಆಫ್ ಮಿಡ್‌ನೈಟ್’ 2010ರಲ್ಲಿ, ‘ಎ ಮೆಮೊರಿ ಆಫ್ ಲೈಟ್’ 2013ರ ಜನವರಿಯಲ್ಲಿ. ಮೂರೂ ಸೇರಿದರೆ ಒಂಬತ್ತು ಲಕ್ಷ ಪದಗಳನ್ನು ಮೀರುತ್ತವೆ. ಇಡೀ ಸರಣಿ ನಲವತ್ತು ಲಕ್ಷ ಪದಗಳನ್ನು ದಾಟಿದೆ. ಹ್ಯಾರಿಯಟ್ ಮತ್ತು ಜೋರ್ಡಾನರ ಇಬ್ಬರು ಸಹಾಯಕರು, ಯಾವ ಪಾತ್ರ ಯಾವ ದಿನ ಎಲ್ಲಿತ್ತು ಎಂಬುದನ್ನೂ ಸೇರಿಸಿ, ಪ್ರತಿಯೊಂದು ಪುಟವನ್ನೂ ಪರಿಶೀಲಿಸಿದರು. ನಮ್ಮಲ್ಲಿ ಹಳೆಯ ಗ್ರಂಥಗಳನ್ನು ಪರಿಷ್ಕರಿಸಿದ ಪಂಡಿತರ ಶ್ರದ್ಧೆಯೇ ಇದು.

ಸ್ಯಾಂಡರ್ಸನ್ ಮಾಡಿದ ಒಂದು ನಿರ್ಧಾರವನ್ನು ನಾನು ತುಂಬ ಮೆಚ್ಚುತ್ತೇನೆ. ಜೋರ್ಡಾನರ ಶೈಲಿಯನ್ನು ಅನುಕರಿಸುವುದಿಲ್ಲ ಎಂದು ಅವರು ಮೊದಲೇ ಹೇಳಿಬಿಟ್ಟರು. ಪಾತ್ರಗಳು ಅವೇ ಆಗಿರಬೇಕು, ಧ್ವನಿ ಮಾತ್ರ ತನ್ನದಾಗಿರಲಿ ಎಂಬ ನಿಲುವು. ತರಗತಿಯಲ್ಲಿ ಮುಂದಿನ ಬೆಂಚಿನವನ ಅಕ್ಷರವನ್ನು ನಕಲು ಮಾಡುತ್ತಿದ್ದ ಮಕ್ಕಳನ್ನು ನಾನು ಬಹಳ ಕಂಡಿದ್ದೇನೆ (ಯಾರೆಂದು ಹೇಳುವುದಿಲ್ಲ, ನೀವೇ ನಗುತ್ತಿರುತ್ತೀರಿ). ಅಕ್ಷರ ಹೋಲುತ್ತದೆ, ಬರವಣಿಗೆ ಸತ್ತಿರುತ್ತದೆ. ಸ್ಯಾಂಡರ್ಸನ್ನರ ಗದ್ಯ ಚುರುಕು, ನೇರ. ಜೋರ್ಡಾನರ ನಿಧಾನದ ವರ್ಣನೆಯ ಸೊಗಸು ಅಲ್ಲಿಲ್ಲ. ಹನ್ನೆರಡನೆಯ ಸಂಪುಟದಲ್ಲಿ ಮ್ಯಾಟ್ ಮ್ಯಾಟ್‌ನಂತಿಲ್ಲ, ಅವನ ಹಾಸ್ಯ ಬಲವಂತದ್ದು ಎಂದು ಓದುಗರು ಆಕ್ಷೇಪಿಸಿದರು. ಓದಿದಾಗ ನನಗೂ ಹಾಗೆಯೇ ಅನ್ನಿಸಿತು. ಆ ಪಾತ್ರ ತನ್ನ ಕೈಗೆ ಸರಿಯಾಗಿ ಸಿಕ್ಕಿರಲಿಲ್ಲವೆಂದು ಸ್ಯಾಂಡರ್ಸನ್ನರೂ ಒಪ್ಪಿಕೊಂಡು ಮುಂದಿನ ಸಂಪುಟಗಳಲ್ಲಿ ಸರಿಪಡಿಸಲು ಯತ್ನಿಸಿದರು. ಆದರೆ ಅದೇ ಸಂಪುಟದಲ್ಲಿ ರ‍್ಯಾಂಡ್ ಒಬ್ಬಂಟಿಯಾಗಿ ಬೆಟ್ಟದ ಮೇಲೆ ಕುಳಿತು, ಇಷ್ಟೆಲ್ಲ ನೋವು ಮತ್ತೆ ಮತ್ತೆ ಮರುಕಳಿಸುವ ಈ ಚಕ್ರ ತಿರುಗಲೇಕೆ ಎಂದು ಕೇಳಿಕೊಳ್ಳುವ ಪ್ರಸಂಗವಿದೆಯಲ್ಲ, ಅದನ್ನು ಓದುವಾಗ ಯಾರು ಬರೆದದ್ದೆಂಬ ಪ್ರಶ್ನೆಯೇ ನನಗೆ ಏಳಲಿಲ್ಲ.

ಇಲ್ಲಿ ನಮ್ಮ ತಿಮ್ಮಣ್ಣ ಕವಿಯನ್ನು ನೆನೆಯದಿರಲಾರೆ. ಕುಮಾರವ್ಯಾಸನು ಭಾರತವನ್ನು ಹತ್ತು ಪರ್ವಗಳಿಗೆ, ಗದಾಪರ್ವಕ್ಕೆ, ನಿಲ್ಲಿಸಿದ. ಉಳಿದ ಎಂಟು ಪರ್ವಗಳನ್ನು ಕೃಷ್ಣದೇವರಾಯನ ಕಾಲದಲ್ಲಿ ತಿಮ್ಮಣ್ಣನು ಅದೇ ಭಾಮಿನಿ ಷಟ್ಪದಿಯಲ್ಲಿ ಬರೆದು ಪೂರೈಸಿದ. ಅದು ‘ಕೃಷ್ಣರಾಯ ಭಾರತ’ವೆಂದು ಹೆಸರಾಯಿತು. ಗಮಕಿಗಳು ಗದುಗಿನ ಭಾರತವನ್ನು ಹಾಡುತ್ತಾರೆ, ಜನ ತಲೆದೂಗುತ್ತಾರೆ. ತಿಮ್ಮಣ್ಣನು ಎರಡು ಅಂಕದ ಪ್ರಶ್ನೆಯಾಗಿ ಉಳಿದ. ಅದೇ ಛಂದಸ್ಸು, ಅದೇ ಕಥೆ. ಹೋಲಿಕೆ ತಪ್ಪಲಿಲ್ಲ, ಆ ಹೋಲಿಕೆಯಲ್ಲಿ ಅವನು ಸೋಲಲೇಬೇಕಿತ್ತು. ಆದರೂ ಧರ್ಮರಾಯನನ್ನು ಸ್ವರ್ಗಕ್ಕೆ ಕನ್ನಡದ ಷಟ್ಪದಿಯಲ್ಲಿ ಏರಿಸಿದವನು ಅವನೇ. ಈ ಅನ್ಯಾಯವನ್ನು ನಾನು ಪ್ರತಿವರ್ಷ ತರಗತಿಯಲ್ಲಿ ಹೇಳುತ್ತಿದ್ದೆ. ನಿಮಗೆ ಬೇಸರವಾಗುವಷ್ಟು ಹೇಳಿದ್ದೇನೆಂದು ಬಲ್ಲೆ. ಸ್ಯಾಂಡರ್ಸನ್ನರಿಗೆ ಆ ಗತಿ ಬರಲಿಲ್ಲ. ಅವರಿಗೆ ತಮ್ಮವೇ ಆದ ಬೇರೆ ಲೋಕಗಳಿದ್ದವು. ಕಾಲಚಕ್ರದ ನಡುವೆಯೇ, 2010ರಲ್ಲಿ, ‘ದಿ ವೇ ಆಫ್ ಕಿಂಗ್ಸ್’ ಎಂಬ ತಮ್ಮದೇ ಮಹಾಸರಣಿಯ ಮೊದಲ ಸಂಪುಟವನ್ನೂ ಹೊರತಂದರು.

ಪ್ರತಿ ಸಂಪುಟದ ಮೊದಲ ಅಧ್ಯಾಯವೂ ಒಂದೇ ಬಗೆಯಲ್ಲಿ, ಎಲ್ಲಿಯೋ ಏಳುವ ಒಂದು ಗಾಳಿಯೊಡನೆ, ಆರಂಭವಾಗುತ್ತದೆ. ಸ್ಥಳ ಮಾತ್ರ ಬೇರೆ. ಸ್ಯಾಂಡರ್ಸನ್ ಆ ಒಂದು ಸಂಪ್ರದಾಯವನ್ನು ಮೂರೂ ಸಂಪುಟಗಳಲ್ಲಿ ಅಕ್ಷರಶಃ ಪಾಲಿಸಿದರು. ಕಡೆಯ ಸಂಪುಟದ ಉಪಸಂಹಾರದಲ್ಲಿ ಜೋರ್ಡಾನರೇ ಬರೆದಿಟ್ಟದ್ದು ಬಹುಮಟ್ಟಿಗೆ ಹಾಗೆಯೇ ಇದೆ. ಎಂಟುನೂರಕ್ಕೂ ಹೆಚ್ಚು ಪುಟಗಳ ಶಿಷ್ಯನ ಕೈಬರಹವನ್ನು ದಾಟಿದ ಮೇಲೆ, ತೀರಿಕೊಂಡು ಐದು ವರ್ಷಗಳಾಗಿದ್ದ ಗುರುವಿನ ಧ್ವನಿ ಮತ್ತೆ ಕೇಳಿಸುತ್ತದೆ. ಆ ಪುಟಗಳನ್ನು ನಾನು ಬೆಳಗಿನ ಹೊತ್ತು, ಕಾಫಿ ಆರಿಹೋಗುವಂತೆ, ಎರಡು ಸಲ ಓದಿದೆ.

ಜೋರ್ಡಾನ್ ಮುಖ್ಯ ಕಥೆಯ ನಂತರವೂ ಮ್ಯಾಟ್‌ನನ್ನು ಕುರಿತು ಇನ್ನಷ್ಟು ಪುಸ್ತಕಗಳನ್ನು ಬರೆಯುವ ಯೋಚನೆಯಲ್ಲಿದ್ದರು. ಅವುಗಳಿಗಾಗಿ ಉಳಿದಿದ್ದ ಟಿಪ್ಪಣಿ ಒಂದೆರಡು ವಾಕ್ಯಗಳಷ್ಟೇ. ಬರೆದಿದ್ದರೆ ಕೊಳ್ಳುವವರು ಲಕ್ಷಾಂತರ ಮಂದಿಯಿದ್ದರು. ಅಷ್ಟರಿಂದ ಬರೆದರೆ ಅದು ಜೋರ್ಡಾನರ ಕೃತಿಯಾಗುವುದಿಲ್ಲವೆಂದು ಹ್ಯಾರಿಯಟ್ ಅವರೂ ಸ್ಯಾಂಡರ್ಸನ್ನರೂ ಅಲ್ಲಿಗೇ ನಿಲ್ಲಿಸಿದರು.